ಒಂದು ಹಗಲಿಗೆಂದು ಕೊಟ್ಟ ಮನೆಯ ಬಗ್ಗೆ ವಸತಿ ಮಂಡಳಿಗೆ ಒಂದು ದೂರು

ಕಾರ್ಮಿಕ ವಸತಿ ಮಂಡಳಿಯ ಘನತೆವೆತ್ತ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಮೊದಲಿಗೆ ತಮ್ಮ ಆರೋಗ್ಯ, ತಮ್ಮ ಮನೆಯವರ ಆರೋಗ್ಯ ಹಾಗೂ ತಮ್ಮ ಕೋಣೆಯ ಏಸಿಯ ಆರೋಗ್ಯ ಎಲ್ಲವೂ ಸೊಗಸಾಗಿರಲೆಂದು ಹಾರೈಸುತ್ತೇನೆ. ಕರಣೆ ಹಿಡಿಯುವ ಕೈಯಲ್ಲಿ ಪೆನ್ನು ಹಿಡಿದಿರುವುದರಿಂದ ಅಕ್ಷರಗಳು ಕೊಂಚ ದಪ್ಪಗಾಗಿದ್ದರೆ ಕ್ಷಮೆಯಿರಲಿ. ನಾನು ಗಾರೆ ಕೆಲಸದವನು. ಕಚೇರಿಗಳ ಗೋಡೆ ಮೆತ್ತುವಾಗ ಅಲ್ಲಿ ಅಂಟಿಸಿದ್ದ ಸುತ್ತೋಲೆಗಳನ್ನು ಓದಿ ಓದಿ ಈ ಭಾಷೆ ಕಲಿತವನಾದ್ದರಿಂದ, ಪತ್ರದಲ್ಲಿ ಎಲ್ಲಾದರೂ ತಲೆಬುಡವಿಲ್ಲದ ವಾಕ್ಯ ಬಂದರೆ ಅದು ತಮ್ಮ ಕಚೇರಿಯದೇ ಎಂದು ತಿಳಿಯತಕ್ಕದ್ದು.

ದೂರಿನ ವಿಷಯ ಇಷ್ಟೇ. ತಾವು ಒಂದು ಹಗಲಿನ ಮಟ್ಟಿಗೆ ದಯಪಾಲಿಸಿದ ಮನೆಯಲ್ಲಿ ನಾವು ಇನ್ನೂ ಇದ್ದೇವೆ. ನಡೆದದ್ದನ್ನು ಮೊದಲಿನಿಂದ ಹೇಳುವುದು ಒಳಿತು, ಏಕೆಂದರೆ ತಮ್ಮ ಮಂಡಳಿಯ ವಾರ್ತಾಪತ್ರದಲ್ಲಿ ಕಥೆಯ ಕೊನೆಯಷ್ಟೇ ಅಚ್ಚಾಗಿದೆ. ಅದೂ ನನ್ನ ಅತ್ತೆಯವರನ್ನು ಕತ್ತರಿಸಿದ ಫೋಟೋದೊಂದಿಗೆ.

ನಾನು, ನನ್ನ ಹೆಂಡತಿ, ಇನ್ನೂ ಶಾಲೆ ಸೇರದ ನನ್ನ ಮಗಳು ಮತ್ತು ನನ್ನ ಅತ್ತೆ, ಕೆಲಸ ಹುಡುಕಿಕೊಂಡು ಬಹಳ ದೂರದಿಂದ ತಮ್ಮ ಊರಿಗೆ ಬಂದೆವು. ಬಂದ ಕೂಡಲೇ ತಾವು ನಮಗೆ ತಗಡಿನ ಶೆಡ್ಡು ಕೊಟ್ಟಿರಿ. ಮೇಲೆ ತಗಡು, ಸುತ್ತ ತಗಡು, ಬಾಗಿಲೂ ತಗಡು. ಮಧ್ಯಾಹ್ನವಾದರೆ ಒಳಗಿದ್ದವರು ಹಂಚಿನ ಮೇಲಿನ ಕಾಳಿನಂತೆ ಸಿಡಿದು ತಾವಾಗಿಯೇ ಕೆಲಸಕ್ಕೆ ಓಡುವಂತೆ ಮಾಡಿದ ಆ ಯೋಜನೆಯನ್ನು ರೂಪಿಸಿದ ತಲೆಗೆ ಯಾರಾದರೂ ಸನ್ಮಾನ ಮಾಡಬೇಕು. ಶೆಡ್ಡಿನ ಎದುರಿಗೇ ನಾವು ಕಾರ್ಮಿಕರ ವಸತಿ ಸಂಕೀರ್ಣವನ್ನು ಕಟ್ಟುತ್ತಿದ್ದೆವು. ಗೋಡೆ ಗಟ್ಟಿಯಾಗಲೆಂದು ಅದಕ್ಕೆ ಬೆಳಿಗ್ಗೆ ಸಂಜೆ ಪೈಪು ಹಿಡಿದು ಧಾರಾಳವಾಗಿ ನೀರುಣಿಸುತ್ತಿದ್ದೆವು, ಆಮೇಲೆ ಕೊಡ ಹಿಡಿದು ನಮ್ಮ ಟ್ಯಾಂಕರಿಗಾಗಿ ರಸ್ತೆ ಕಾಯುತ್ತಿದ್ದೆವು. "ಅಳಿಯಂದ್ರೇ, ಇನ್ನೊಂದ್ ಜನ್ಮ ಅಂತಿದ್ರೆ ನಾನು ಸರ್ಕಾರಿ ಗೋಡೆಯಾಗೇ ಹುಟ್ಟೋದು. ದಿನಾ ಎರಡು ಹೊತ್ತು ಸ್ನಾನ," ಎಂದು ಅತ್ತೆಯವರು ಹೇಳಿದ್ದು ತಮ್ಮ ಯೋಜನೆಗೆ ಸಂದ ಮೊದಲ ಮೆಚ್ಚುಗೆ.

ಕಟ್ಟಡ ಮುಗಿಯಿತು. ನೆತ್ತಿಯ ಮೇಲೆ 'ದುಡಿಯುವ ಕೈಗಳ ಸ್ವಂತ ನೆರಳು' ಎಂದು ದೊಡ್ಡಕ್ಷರದಲ್ಲಿ ಬರೆಸಿ, ಎಲ್ಲ ಬಾಗಿಲಿಗೂ ಬೀಗ ಹಾಕಿಸಿದಿರಿ. ನಾವು ಪಕ್ಕದಲ್ಲಿ ಇನ್ನೊಂದು ಕಟ್ಟಡಕ್ಕೆ ಪಾಯ ತೋಡುತ್ತಾ ಅದೇ ಶೆಡ್ಡಿನಲ್ಲಿ ಉಳಿದೆವು. ಬಿಸಿಲಿಗೆ ಮಗಳ ಮೈತುಂಬ ಬೆವರುಸಾಲೆ ಎದ್ದು, ಹಗಲು ನಿದ್ದೆಯೆಂಬುದು ಅವಳಿಗೆ ಮರೆತೇಹೋಯಿತು. ಮನೆ ಯಾವಾಗ ಸಿಗುತ್ತದೆಂದು ನನ್ನ ಹೆಂಡತಿ ಒಮ್ಮೆ ತಮ್ಮ ಮೇಲ್ವಿಚಾರಕರನ್ನು ಕೇಳಿದಳು. ಸದಾ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು, ಊಟಕ್ಕೂ ನೀರಿಗೂ ನಮ್ಮನ್ನು ಸೀಟಿ ಊದಿಯೇ ಕರೆಯುವ ಅವರಿಗೆ ನಾವಿಟ್ಟ ಹೆಸರು ಸೀಟಿ ಸಾಹೇಬರು. "ನೀವು ಬಂದ್ರೆ ಗೋಡೆ ಕೊಳೆ ಆಗುತ್ತಮ್ಮಾ," ಎಂದರು ಅವರು. ಆ ಗೋಡೆಗಳ ಮೇಲಿದ್ದ ಒಂದೊಂದು ಕೈಗುರುತನ್ನೂ ಒರೆಸಿದವಳು ಅವಳೇ ಆದ್ದರಿಂದ, ಅವಳಿಗೆ ನಗು ತಡೆಯಲಾಗಲಿಲ್ಲ.

ಹೀಗಿರುವಾಗ ರಾಜಧಾನಿಯಿಂದ ತಪಾಸಣೆಗೆ ಒಬ್ಬ ಹಿರಿಯ ಅಮ್ಮನವರು ಬರುತ್ತಾರೆಂದು ಸುದ್ದಿಯಾಯಿತು. ಕಾರ್ಮಿಕರು ಮನೆಗಳಲ್ಲಿ ನೆಮ್ಮದಿಯಾಗಿದ್ದಾರೆಂದು ತಾವು ಅವರಿಗೆ ಆಗಲೇ ಬರೆದುಬಿಟ್ಟಿದ್ದಿರಿ. ಆ ನೆಮ್ಮದಿಗೆ ಮನೆಗಳೊಳಗೆ ಕಾರ್ಮಿಕರು ಬರುವುದೊಂದೇ ಬಾಕಿಯಿತ್ತು. ಅವರು ಬರುವ ದಿನ ಬೆಳಿಗ್ಗೆ ಸೀಟಿ ಸಾಹೇಬರು ಓಡುತ್ತಾ ಬಂದು ನಮ್ಮ ಶೆಡ್ಡಿನ ಮುಂದೆ ನಿಂತರು. ನಮ್ಮನ್ನೇ ಏಕೆ ಆರಿಸಿದಿರೆಂದು ನಾನು ಕೇಳಲಿಲ್ಲ. ಮಗಳು ದುಂಡಗಿದ್ದಾಳೆ, ಫೋಟೋಗೆ ಚೆನ್ನ ಎಂದು ಅವರೇ ಹೇಳಿದರು.

"ಸಂಜೆ ತನಕ ಅಷ್ಟೇ. ಅಲ್ಲಿ ನೀವು ಮನೆಯವರ ಥರ ಇರ್ಬೇಕು."

"ಮನೆಯವರ ಥರ ಅಂದ್ರೆ ಹೆಂಗಪ್ಪಾ?" ಎಂದರು ಅತ್ತೆ.

"ಖುಷಿಯಾಗಿ! ಬಂದು ಒಂದು ವರ್ಷ ಆಯ್ತು ಅನ್ಬೇಕು. ಮಾತು ಆಚೀಚೆ ಆದ್ರೆ ನಾಳೇನೇ ಎಲ್ರನ್ನೂ ಬಸ್ಸು ಹತ್ತಿಸ್ತೀನಿ, ನೋಡಿ."

ಕೆಲಸ ಹೋದರೆ ಮತ್ತೆ ಗಂಟುಮೂಟೆ ಹೊತ್ತು ಊರೂರು ಅಲೆಯಬೇಕಲ್ಲ ಎಂಬ ಭಯಕ್ಕೆ ನಾನು ಹೂಂಗುಟ್ಟಿದೆ. ಆದರೂ ಆ ಮನೆಯೊಳಗೆ ಕಾಲಿಟ್ಟ ಗಳಿಗೆಯ ಸಂತೋಷವನ್ನು ಮುಚ್ಚಿಡಲಾರೆ. ತಮ್ಮದೇ ಕೋಣೆಯ ಸೋಫಾ ಅಲ್ಲಿಗೆ ಬಂದಿತ್ತು. ಕಿಟಕಿಗೆ ಪರದೆ, ಮೂಲೆಗೆ ಪ್ಲಾಸ್ಟಿಕ್ಕಿನ ಗಿಡ, ವೈರನ್ನು ಯಾವುದಕ್ಕೂ ಸಿಕ್ಕಿಸದ ಫ್ರಿಜ್ಜು, ಗೋಡೆಗೆ ಅಂಗಡಿಯಿಂದ ತಂದಂತೆಯೇ ನೇತುಹಾಕಿದ್ದ ಒಂದು ಚೌಕಟ್ಟು. ಅದರೊಳಗೆ ಅಪ್ಪ, ಅಮ್ಮ, ಎರಡು ಮಕ್ಕಳು, ಒಂದು ನಾಯಿ, ಎಲ್ಲರೂ ಹಲ್ಲು ಕಿರಿದು ನಗುತ್ತಿದ್ದರು. ಹೆಂಡತಿ ಮೆಲ್ಲನೆ ಚಪ್ಪಲಿ ಬಿಟ್ಟು ತಾನೇ ಉಜ್ಜಿದ ನೆಲದ ಮೇಲೆ ಬರಿಗಾಲಲ್ಲಿ ಒಂದು ಸುತ್ತು ನಡೆದಳು. "ತಣ್ಣಗಿದೆ ಕಣ್ರೀ," ಎಂದಳು. ಮಗಳು ಆ ತಂಪಿಗೆ ಕೆನ್ನೆಯಿಟ್ಟು ಕವುಚಿ ಮಲಗಿದವಳು, ನಾವು ನೋಡನೋಡುತ್ತಿದ್ದಂತೆ ನಿದ್ದೆಹೋದಳು.

ಆಮೇಲಿನದೆಲ್ಲ ತಮ್ಮ ಕಣ್ಣೆದುರೇ ನಡೆಯಿತಾದರೂ, ತಾವು ಆಗ ಹೆಚ್ಚಾಗಿ ಕರವಸ್ತ್ರದೊಳಗೆ ಮುಖವಿಟ್ಟುಕೊಂಡಿದ್ದರಿಂದ ವಿವರಿಸುತ್ತೇನೆ. ಅಮ್ಮನವರು ಕೋಲೂರಿಕೊಂಡು ಬಂದರು, ಹಿಂದೆ ತಾವು, ತಮ್ಮ ಹಿಂದೆ ತಮ್ಮ ಕಚೇರಿಯ ಹಿಂಡು. ಸೀಟಿ ಸಾಹೇಬರು ಫೋಟೋಗೆಂದು ಮಗಳನ್ನು ಎಬ್ಬಿಸಲು ಬಗ್ಗಿದರು. ಅಮ್ಮನವರು ಕೋಲನ್ನು ಅಡ್ಡ ಹಿಡಿದರು.

"ಮಗು ಮಲಗಿದೆ. ಯಾರೂ ಎಬ್ಬಿಸಬೇಡಿ."

ಹಾಗೆಂದು ಅವರು ಸೋಫಾದಲ್ಲಿ ಕುಳಿತೇಬಿಟ್ಟರು. ಆಹಾ, ಮಾನ್ಯರೇ, ಅಂಥ ನೋಟ ಇನ್ನೊಮ್ಮೆ ನೋಡಸಿಕ್ಕೀತೇ! ಒಬ್ಬ ಗಾರೆಯವನ ಮಗಳು ನೆಲದ ಮೇಲೆ ಗೊರಕೆ ಹೊಡೆಯುತ್ತಿದ್ದಾಳೆ, ಇಡೀ ವಸತಿ ಮಂಡಳಿ ಉಸಿರು ಬಿಗಿಹಿಡಿದು ತುದಿಗಾಲಲ್ಲಿ ನಿಂತಿದೆ. ತಮ್ಮ ಫೋನು ಕಿರುಗುಟ್ಟಿದಾಗ ತಾವು ಅದನ್ನು ಬಡಪಾಯಿ ಕೋಳಿಮರಿಯಂತೆ ಅಂಗಿಯೊಳಗೆ ಅಮುಕಿಕೊಂಡದ್ದು ನನ್ನ ಹೆಂಡತಿಗೆ ಈಗಲೂ ನೆನಪಾಗಿ, ಕೆಲಸದ ನಡುವೆ ಒಬ್ಬಳೇ ನಗುತ್ತಾಳೆ.

ಅಮ್ಮನವರು ಪಿಸುದನಿಯಲ್ಲೇ ವಿಚಾರಣೆ ಶುರುಮಾಡಿದರು. ಚೌಕಟ್ಟಿನಲ್ಲಿರುವವರು ಯಾರೆಂದು ಅತ್ತೆಯವರನ್ನು ಕೇಳಿದರು.

"ನಮ್ಮೋರೇ ತಾಯಿ, ಅಂಗಡಿ ಕಡೆಯ ಸಂಬಂಧ."

ನೀರು ಬರುತ್ತದೆಯೇ ಎಂದು ಕೇಳಿದಾಗ ಅತ್ತೆಯವರು ಎದ್ದುಹೋಗಿ ನಲ್ಲಿ ತಿರುಗಿಸಿದರು. ಅದು ಹಳೆಯ ದಮ್ಮಿನ ರೋಗಿಯಂತೆ ಕೆಮ್ಮಿ ಸುಮ್ಮನಾಯಿತು. "ಅದೂ ನಮ್ಮ ಥರಾನೇ ಇವತ್ತೇ ಕೆಲಸಕ್ಕೆ ಸೇರಿರೋದು, ಪಾಪ, ಇನ್ನೂ ಪಾಠ ಬಂದಿಲ್ಲ," ಎಂದರು. ಬಸ್ಸಿನ ಚಿತ್ರ ನನ್ನ ಕಣ್ಣಮುಂದೆ ಹಾದುಹೋಯಿತು. ಅಮ್ಮನವರು ನಗಲಿಲ್ಲ. ಅತ್ತೆಯವರನ್ನು ಪಕ್ಕದಲ್ಲೇ ಕೂರಿಸಿಕೊಂಡು ನೇರವಾಗಿ ಕೇಳಿದರು: "ಇದು ನಿಮ್ಮ ಮನೇನಾ?"

ಅತ್ತೆಯವರು ಸೀಟಿ ಸಾಹೇಬರ ಕಡೆ ತಿರುಗಿ, "ಏನಪ್ಪಾ, ಇದಕ್ಕೇನು ಹೇಳ್ಕೊಟ್ಟಿದ್ದೆ ನೀನು?" ಎಂದರು. ತಾವೇ ಧಾವಿಸಿ, ಜೇನು ಸುರಿಸುತ್ತಾ, "ನಿಜಾನೇ ಹೇಳಿ ಅಮ್ಮಾ, ಹೆದರ್ಬೇಡಿ," ಎಂದಿರಿ. ತಮ್ಮ ಸತ್ಯಪ್ರೀತಿಗೆ ಇದಕ್ಕಿಂತ ಸಾಕ್ಷಿ ಬೇಕೇ?

ಅತ್ತೆಯವರು ಗೋಡೆಯತ್ತ ಬೆರಳು ಮಾಡಿದರು. "ಆ ಗೋಡೆ ನನ್ನ ಅಳಿಯ ಮೆತ್ತಿದ್ದು. ಈ ನೆಲ ನನ್ನ ಮಗಳು ಉಜ್ಜಿದ್ದು. ಮಲಗಿರೋದು ನನ್ನ ಮೊಮ್ಮಗು. ಈ ಬೇಸಿಗೇಲಿ ಅದು ಹಗಲು ಕಣ್ಣುಮುಚ್ಚಿದ್ದು ಇವತ್ತೇ. ನಮ್ಮನೆ ಅನ್ನೋಕೆ ಇನ್ನೊಂದು ಕಮ್ಮಿ ಇದೆ ತಾಯಿ. ಅದು ಈ ದೊಡ್ಡ ಸಾಹೇಬ್ರ ಜೇಬಲ್ಲಿದೆ," ಎಂದರು.

ಅಮ್ಮನವರು ತಮ್ಮ ಕಡೆ ಅಂಗೈ ಚಾಚಿದರು, ಅಷ್ಟೇ. ತಾವು ಜೇಬು ತಡಕಾಡಿ ಕೀಲಿ ತೆಗೆದಿರಿ. ಅಮ್ಮನವರು ಅದನ್ನು ಮುಟ್ಟದೆ, ಅತ್ತೆಯವರಿಗೆ ಕೊಡಿ ಎಂದು ಗದ್ದದಿಂದಲೇ ಸನ್ನೆ ಮಾಡಿದರು. ಹೀಗೆ ತಮ್ಮ ಅಮೃತಹಸ್ತದಿಂದಲೇ ಕೀಲಿ ನಮ್ಮ ಕೈಸೇರಿತು, ಕಚೇರಿಯ ಫೋಟೋದವರು ಅಭ್ಯಾಸಬಲದಿಂದ ಪಟಕ್ಕನೆ ಕ್ಲಿಕ್ಕಿಸಿದರು. ಕೊಡುವಾಗ ತಮ್ಮ ಮುಖದಲ್ಲಿದ್ದ ನಗು ಹಲ್ಲುನೋವಿನವರದಂತೆ ಕಂಡಿದ್ದು ಬೆಳಕಿನ ದೋಷವೇ ಇರಬೇಕು.

ಮಗಳು ಎದ್ದು, ಸುತ್ತಲೂ ನಿಂತ ಬೂಟುಗಳನ್ನು ನೋಡಿ, "ಅಜ್ಜೀ, ಇವ್ರೆಲ್ಲ ಯಾವಾಗ ಹೋಗ್ತಾರೆ?" ಎಂದಳು. "ಈಗ ಹೊರಟೆವು ಕಂದಾ," ಎಂದ ಅಮ್ಮನವರು, ಬಾಗಿಲಲ್ಲಿ ನಿಂತು ತಮಗೆ ಇಷ್ಟು ಹೇಳಿದರು: "ಮತ್ತೆ ಬರ್ತೀನಿ. ಹೇಳಿ ಬರಲ್ಲ. ಯಾವ ಬಾಗಿಲು ತಟ್ತೀನೋ ನನಗೇ ಗೊತ್ತಿಲ್ಲ."

ಆ ಒಂದು ಮಾತಿಗೆ ತಮ್ಮ ಮಂಡಳಿ ತೋರಿದ ಚುರುಕನ್ನು ಏನೆಂದು ಹೊಗಳಲಿ! ಎಲ್ಲ ಬಾಗಿಲ ಹಿಂದೆಯೂ ಮನೆಯವರು ಬೇಕಾಯಿತಲ್ಲ. ಸೀಟಿ ಸಾಹೇಬರು ಸೀಟಿಯನ್ನು ಮರೆತು ಶೆಡ್ಡು ಶೆಡ್ಡಿಗೂ ಹೋಗಿ, "ದಯವಿಟ್ಟು ಬನ್ನಿ, ಬೇಗ ಬನ್ನಿ," ಎಂದು ಕೈಮುಗಿದರು. ಕಬ್ಬಿಣ ಕಟ್ಟುವವರು, ಬಡಗಿಗಳು, ಬಣ್ಣದವರು, ಮಣ್ಣು ಹೊರುವ ಹೆಂಗಸರು, ಎಲ್ಲರ ಪಾತ್ರೆ ಪಗಡೆ ಮೆಟ್ಟಿಲು ಹತ್ತಿದವು. ನಲ್ಲಿಗೆ ನೀರು ಬಂತು. ಬಾರದ ನೀರನ್ನು ತರುವುದು ಇಷ್ಟು ಸುಲಭವೆಂದು ನಮಗೆ ಗೊತ್ತಿರಲಿಲ್ಲ. ತಮಗೂ ಗೊತ್ತಿರಲಿಲ್ಲವೆಂದೇ ನಂಬಿದ್ದೇನೆ.

ಇನ್ನು ಕಷ್ಟಗಳನ್ನು ನಿವೇದಿಸುತ್ತೇನೆ. ಹೊಸ ಮನೆಯಲ್ಲಿ ಮಳೆ ಬಂದರೆ ಗೊತ್ತೇ ಆಗುವುದಿಲ್ಲ. ತಗಡಿನ ಮೇಲೆ ಸಾವಿರ ಕುದುರೆ ಓಡಿದ ಸದ್ದಿಗೆ ಹೊಂದಿಕೊಂಡಿದ್ದ ಅತ್ತೆಯವರು, ಮೊದಲ ಮಳೆಯಲ್ಲಿ ಕಿವಿ ಕೆಟ್ಟಿತೆಂದು ಗಾಬರಿಯಾದರು. ಆದ್ದರಿಂದ ಮಳೆಗಾಲದಲ್ಲಿ ನಮ್ಮ ಕಿಟಕಿಯ ಬಳಿ ನಿಂತು ತಗಡು ಬಡಿಯಲು ಸಹಾಯಕ ಅಭಿಯಂತರರೊಬ್ಬರನ್ನು ನೇಮಿಸಬೇಕೆಂದು ಕೋರುತ್ತೇನೆ. ನನ್ನ ಹೆಂಡತಿಗೆ ಕೊಡ ಹಿಡಿದು ಜಗಳವಾಡುವ ಅಭ್ಯಾಸ ತಪ್ಪಿ, ಆ ಜಗಳವೆಲ್ಲ ಈಗ ನನ್ನ ಪಾಲಿಗೆ ಬರುತ್ತಿದೆ. ಇದಕ್ಕೆ ಪರಿಹಾರವಾಗಿ ಶಾಂತಸ್ವಭಾವದ ಒಬ್ಬ ಗಂಡನನ್ನು ಮಂಡಳಿಯ ಖರ್ಚಿನಲ್ಲಿ ನನ್ನ ಬದಲಿಗೆ ವಾರಕ್ಕೊಮ್ಮೆಯಾದರೂ ಒದಗಿಸಬೇಕು. ಇಲ್ಲವೇ ಸೂರ್ಯನಿಗೆ ಒಂದು ನೋಟಿಸು ಕಳುಹಿಸಿ, ನಮ್ಮ ಗೋಡೆಯೊಳಗೂ ಮೊದಲಿನಂತೆ ಪ್ರವೇಶಿಸತಕ್ಕದ್ದೆಂದು ತಾಕೀತು ಮಾಡಿದರೂ ಆದೀತು, ಎಲ್ಲರೂ ಸುಸ್ತಾಗಿ ಸುಮ್ಮನಿರುತ್ತೇವೆ.

ನೋಟಿಸು ಎಂದೊಡನೆ ನೆನಪಾಯಿತು. ಕಳೆದ ವಾರ ತಾವು ಮೆಟ್ಟಿಲ ಬಳಿ ಅಂಟಿಸಿದ ಹಾಳೆಯಲ್ಲಿ, 'ಹೊರಗಿನಿಂದ ಬಂದ ನಿವಾಸಿಗಳು' ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಕೂಡದು, ಅಂಗಳದಲ್ಲಿ ಗುಂಪುಗೂಡಕೂಡದು, ಜೋರಾಗಿ ನಗಕೂಡದು ಎಂದಿದೆ. ನಾವೆಲ್ಲ ಅದನ್ನು ಅಂಗಳದಲ್ಲಿ ಗುಂಪುಗೂಡಿಯೇ ಓದಿಕೊಳ್ಳಬೇಕಾಯಿತು, ಏಕೆಂದರೆ ಓದು ಬಲ್ಲವರು ನಮ್ಮಲ್ಲಿ ಕಡಿಮೆ. ಮೂರನೆಯ ಷರತ್ತಿಗೆ ಬಂದಾಗ ಅದು ತಂತಾನೇ ಮುರಿದುಬಿತ್ತು. ಅಷ್ಟರಲ್ಲಿ ಹೇಳದೆ ಕೇಳದೆ ಅಮ್ಮನವರೂ ಬಂದಿದ್ದರು. ಹಿಂದೆ ನಿಂತು ಪೂರ್ತಿ ಕೇಳಿಸಿಕೊಂಡು, "ಹೊರಗಿನಿಂದ ಬರದೆ ಮನೆಯೊಳಕ್ಕೆ ಹೋಗೋದು ಹೆಂಗೆ?" ಎಂದು ಅತ್ತೆಯವರನ್ನು ಕೇಳಿದರು. ಅತ್ತೆಯವರು, "ಅದು ಓದಿದೋರಿಗೆ ಮಾತ್ರ ಬರೋ ವಿದ್ಯೆ ತಾಯಿ," ಎಂದರು. ಇಬ್ಬರೂ ಮೇಲೆ ಹೋಗಿ ಚಹಾ ಕುಡಿದು, ಮಂಡಿನೋವಿನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಹೊರಡುವಾಗ ಅಮ್ಮನವರು ಆ ಹಾಳೆಯನ್ನು ಜೋಪಾನವಾಗಿ ಕಿತ್ತು ಮಡಚಿ ಕೈಚೀಲದಲ್ಲಿಟ್ಟುಕೊಂಡಿದ್ದಾರೆ. ತಮ್ಮ ಬರಹ ಈಗ ರಾಜಧಾನಿ ತಲುಪಿದೆ, ಅಭಿನಂದನೆಗಳು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ನಾವು ಈ ಮನೆಯಲ್ಲಿ ಇದ್ದೇವೆಂಬ ಅನಾನುಕೂಲವನ್ನು ಮುಂದೆಯೂ ಸಹಿಸಿಕೊಳ್ಳಬೇಕಾಗಿ ವಿನಂತಿ. ಸಹಿಸಿಕೊಳ್ಳಲು ಆಗದಿದ್ದರೂ ವಿನಂತಿ ಅದೇ.

ತಮ್ಮ ಗೋಡೆಗಳನ್ನು ತಮಗಿಂತ ಹತ್ತಿರದಿಂದ ಬಲ್ಲ,
ತಮ್ಮ ವಿಶ್ವಾಸಿ,
ಗಾರೆಯವನು

ಇನ್ನೊಂದು ಮಾತು: ಪತ್ರವನ್ನು ಅಂಚೆಗೆ ಹಾಕುವ ಮುನ್ನ, ಇಂದು ಬೆಳಿಗ್ಗೆ ಹೊಸ ಕಟ್ಟಡದ ಕೆಲಸಕ್ಕೆಂದು ಇನ್ನೂ ದೂರದ ಊರಿನವರು ಲಾರಿಯಲ್ಲಿ ಬಂದಿಳಿದರು, ಕೈಗೂಸುಗಳೂ ಇದ್ದವು. ಅವರನ್ನು ಖಾಲಿಯಾದ ಶೆಡ್ಡುಗಳಿಗೆ ತುಂಬಬೇಕೆಂದು ತಮ್ಮ ಆಜ್ಞೆಯಂತೆ. ತುತ್ತತುದಿಯ ಮಹಡಿಯಲ್ಲಿ, ಅಮ್ಮನವರ ಕೋಲು ಅಲ್ಲಿಯವರೆಗೆ ಹತ್ತಲಾರದೆಂದು ತಾವು ಬೀಗ ತೆಗೆಸದೆ ಬಿಟ್ಟ, ತಮ್ಮ ಕಚೇರಿಯ ಮುರಿದ ಕುರ್ಚಿಗಳು ವಾಸವಾಗಿರುವ ಮನೆಗಳ ಬಾಗಿಲಿಗೆ ಅತ್ತೆಯವರು ದಣಿವಾಯಿತೆಂದು ಸುಮ್ಮನೆ ಒರಗಿದ್ದೇ ತಡ, ಬೀಗಗಳು ಒಂದರ ಹಿಂದೊಂದು ಕಳಚಿಬಿದ್ದವು, ಬಂದವರ ಕೈಗೂಸುಗಳು ಒಳಗಿನ ತಣ್ಣನೆಯ ನೆಲ ಸೇರಿದವು. ಸೀಟಿ ಸಾಹೇಬರು ಆ ಹೊತ್ತಿಗೆ ಸರಿಯಾಗಿ ಆಕಾಶದಲ್ಲಿ ಏನನ್ನೋ ನೋಡುತ್ತಿದ್ದುದರಿಂದ ಅವರನ್ನು ದೂಷಿಸಬಾರದು. ನಾವೂ ಮುಟ್ಟಿಲ್ಲ. ಆ ಬೀಗಗಳನ್ನು ಪೂರೈಸಿದ ಗುತ್ತಿಗೆದಾರರು ತಮ್ಮ ಭಾವಮೈದುನರೇ ಆದ್ದರಿಂದ, ಅವು ತಾವಾಗಿಯೇ ಕಳಚಿಬಿದ್ದವೆಂದರೆ ಬೇರೆ ಯಾರೂ ನಂಬದಿದ್ದರೂ ತಾವು ಖಂಡಿತ ನಂಬುತ್ತೀರಿ.