ಒಂದು ಗಂಟೆಯ ಐಸ್‌ಲ್ಯಾಂಡಿಗ

ಊರಿನವರು ಸ್ವಲ್ಪ ಕೆಟ್ಟವರಾಗಿದ್ದರೆ ಔಲಿಸ್ ಹುತ್ತುನೆನ್‌ಗೆ ಯಾವತ್ತೋ ಸ್ವೀಡಿಷ್ ಬಂದುಬಿಡುತ್ತಿತ್ತು. ಏನು ಮಾಡುವುದು, ಫಿನ್‌ಲ್ಯಾಂಡಿನ ಕಡಲ ದಂಡೆಯ ಆ ಪುಟ್ಟ ಲೂವಿಕ್‌ನಲ್ಲಿ ಕೆಟ್ಟವರು ಹುಡುಕಿದರೂ ಸಿಗುತ್ತಿರಲಿಲ್ಲ. ಹತ್ತು ಜನರಲ್ಲಿ ಆರು ಮಂದಿಯ ಮನೆಮಾತು ಸ್ವೀಡಿಷ್, ಉಳಿದವರದು ಫಿನ್ನಿಷ್. ಆ ಆರು ಮಂದಿಯೂ ಫಿನ್ನಿಷನ್ನು ನೀರು ಕುಡಿದಷ್ಟು ಸಲೀಸಾಗಿ ಆಡುತ್ತಿದ್ದರು. ಒಳನಾಡಿನ ಸಾವೊ ಸೀಮೆಯಿಂದ ಬಂದ ಔಲಿಸ್ ಧೈರ್ಯ ಮಾಡಿ, ಬೆವರು ಒರೆಸಿಕೊಂಡು ಸ್ವೀಡಿಷ್‌ನಲ್ಲಿ ಒಂದು ನಮಸ್ಕಾರ ಹೇಳಿದರೆ ಸಾಕು, ಎದುರಿನವರ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಕಳೆ ಮೂಡಿ ಮರುಮಾತು ಫಿನ್ನಿಷ್‌ನಲ್ಲೇ ಬರುತ್ತಿತ್ತು. ಹೀಗೇ ಹನ್ನೊಂದು ವರ್ಷ ಕಳೆದಿತ್ತು.

ಮನೆಯಲ್ಲಾದರೂ ಕಲಿಯಬಹುದಿತ್ತಲ್ಲ ಎಂದರೆ, ಅದೂ ಆಗಲಿಲ್ಲ. ಹೆಂಡತಿ ಗುನೆವಿಯ ಮನೆಮಾತು ಸ್ವೀಡಿಷ್ಷೇ. ಆದರೆ ಇಬ್ಬರೂ ಪ್ರೀತಿಸಿದ್ದು ಫಿನ್ನಿಷ್‌ನಲ್ಲಿ, ಜಗಳವಾಡಿದ್ದೂ ಫಿನ್ನಿಷ್‌ನಲ್ಲಿ. ಒಂದು ಭಾನುವಾರ ಹಟ ತೊಟ್ಟು ಸ್ವೀಡಿಷ್‌ನಲ್ಲಿ ಮಾತಿಗೆ ಕೂತರು. ಹತ್ತು ನಿಮಿಷ ಆಗುವುದರಲ್ಲಿ ಗುನೆವಿ, "ಯಾರೋ ಪರಗಂಡಸಿನ ಜೊತೆ ಕಾಫಿ ಕುಡಿತಿದೀನಿ ಅನ್ಸತ್ತೆ, ಬೇಡ ಬಿಡು," ಎಂದು ಎದ್ದುಹೋದಳು.

ಈಗ ಕುತ್ತಿಗೆಗೆ ಬಂದಿತ್ತು. ಔಲಿಸ್ ಊರಿನ ಆರೋಗ್ಯ ಕೇಂದ್ರದ ಮುಂಗಟ್ಟೆಯಲ್ಲಿ, ಬಂದವರಿಗೆ ಸಮಯ ಕೊಟ್ಟು ಡಾಕ್ಟರ ಹತ್ತಿರ ಕಳಿಸುವ ಕೌಂಟರಿನಲ್ಲಿ, ಆರು ವರ್ಷದಿಂದ ಹಂಗಾಮಿ. ಅದೇ ಹುದ್ದೆ ಕಾಯಂ ಆಗಲಿದೆ. ಆದರೆ ಕಾಯಂ ನೌಕರ ಎರಡೂ ಭಾಷೆಯಲ್ಲಿ ಮಾತಾಡಲೇಬೇಕು. ಅಂದು ಹನ್ನೆರಡು ಗಂಟೆಗೆ ನಗರದ ಕಚೇರಿಯಲ್ಲಿ ಸಂದರ್ಶನ, ಅದೂ ಪೂರ್ತಿ ಸ್ವೀಡಿಷ್‌ನಲ್ಲಿ. ದಕ್ಕಿದರೆ ಜೀವನಪೂರ್ತಿ ಅದೇ ಕುರ್ಚಿ, ತಪ್ಪಿದರೆ ಐವತ್ತಮೂರರಲ್ಲಿ ಹೊಸ ಕೆಲಸ ಹುಡುಕಬೇಕು.

ಆ ನಿಯಮದ ಮೇಲೆ ಔಲಿಸ್‌ಗೆ ಸಿಟ್ಟಿರಲಿಲ್ಲ ಎಂಬುದನ್ನು ಹೇಳಲೇಬೇಕು. ಗುನೆವಿಯ ತಾಯಿಗೆ ಕೊನೆಗಾಲದಲ್ಲಿ ಮರೆವು ಬಂದು, ಅರವತ್ತು ವರ್ಷ ಆಡಿದ ಫಿನ್ನಿಷ್ ಒಂದು ವಾರದಲ್ಲಿ ಅಳಿಸಿಹೋಯಿತು. ಉಳಿದದ್ದು ತೊಟ್ಟಿಲಿನಲ್ಲಿ ಕೇಳಿದ ಸ್ವೀಡಿಷ್ ಒಂದೇ. ಅತ್ತೆ ಏನೋ ಬೇಕೆಂದು ಕೇಳುತ್ತಿದ್ದರು, ಔಲಿಸ್ ಏನೆಂದು ತಿಳಿಯದೆ ಪಕ್ಕದಲ್ಲಿ ಕೈ ಹಿಡಿದು ಕೂತಿರುತ್ತಿದ್ದ. ಆಗ ಆಸ್ಪತ್ರೆಯ ಒಬ್ಬ ನರ್ಸ್ ಬಂದು ಅವರದೇ ಮಾತಿನಲ್ಲಿ ಎರಡು ಮಾತಾಡಿ, ಕಿಟಕಿ ತೆರೆದು ಹೋದಳು. ಕೇಳುತ್ತಿದ್ದದ್ದು ಅಷ್ಟೇ, ಕಿಟಕಿ. ಕೌಂಟರಿನಲ್ಲಿ ಕೂರುವವನಿಗೆ ಎರಡೂ ಮಾತು ಬರಬೇಕು ಎಂಬುದರಲ್ಲಿ ಅವನಿಗೆ ಯಾವ ಸಂಶಯವೂ ಇರಲಿಲ್ಲ. ತನಗೆ ಬಾರದು ಎಂಬುದೊಂದೇ ತೊಂದರೆ.

ಬೆಳಿಗ್ಗೆ ಏಳಕ್ಕೇ ಪಕ್ಕದ ಮನೆಯ ಬೊರ್ಯೆಯ ಬಾಗಿಲು ತಟ್ಟಿದ. ಬೊರ್ಯೆ ಹಡಗುಗಳಿಗೆ ಬಂದರಿನ ದಾರಿ ತೋರಿಸಿ ನಿವೃತ್ತನಾದವನು. ಈಗ ತೋರಿಸಲು ಹಡಗುಗಳಿಲ್ಲದೆ ಊರಿನವರಿಗೆಲ್ಲ ದಾರಿ ತೋರಿಸುತ್ತಿದ್ದ. ಬಸ್ ಬರುವ ತನಕ ತನ್ನ ಜೊತೆ ಸ್ವೀಡಿಷ್ ಬಿಟ್ಟು ಬೇರೆ ಆಡಕೂಡದು ಎಂದು ಔಲಿಸ್ ಬೇಡಿಕೊಂಡ.

"ಆಯ್ತಯ್ಯ, ಇದಕ್ಕೂ ಕೇಳ್ಬೇಕಾ? ಇನ್ಮೇಲೆ ಒಂದಕ್ಷರ ಫಿನ್ನಿಷ್ ಬಂದ್ರೆ ಕೇಳು," ಎಂದು ಬೊರ್ಯೆ ಫಿನ್ನಿಷ್‌ನಲ್ಲೇ ಮಾತು ಕೊಟ್ಟ.

ಕಾಫಿ ಬಗ್ಗಿಸಿಕೊಂಡು ಇಬ್ಬರೂ ಕೂತರು. ಔಲಿಸ್ ದೋಣಿಯ ಬಗ್ಗೆ ಏನೋ ಹೇಳಲು ಹೊರಟು ಅರ್ಧದಲ್ಲಿ ಸಿಕ್ಕಿಹಾಕಿಕೊಂಡ. ಬೊರ್ಯೆ ತುಟಿ ಕಚ್ಚಿ ಕಾದ. ಔಲಿಸ್‌ನ ಹಣೆಯ ನರ ಉಬ್ಬಿತು. ಮುದುಕನ ಕಣ್ಣಲ್ಲಿ ನೀರು ಬಂತು. "ಸಾಕಯ್ಯಾ, ನೋಡಕ್ಕಾಗಲ್ಲ," ಎಂದು ಅವನು ಫಿನ್ನಿಷ್‌ಗೆ ಜಾರಿದ. ಆಮೇಲೆ ಸಮಾಧಾನಕ್ಕೆಂದು ಒಂದು ಗುಟ್ಟು ಹೇಳಿದ. "ಹೆದರಬೇಡ. ನಿನಗೆ ಎದುರಾಳಿ ಒಬ್ಬಳೇ ಅಂತೆ. ನಿಮ್ಮ ಸಾವೊ ಕಡೆಯವಳೇ. ಅವಳು ಸ್ವೀಡಿಷನ್ನ ಪುಸ್ತಕದಲ್ಲಿ ನೋಡಿರಬಹುದು, ಬಾಯಲ್ಲಿ ಆಡಿರೋದು ಸುಳ್ಳು. ಅವಳಿಗೆ ಮಾತಾಡಕ್ಕೆ ಯಾರು ಸಿಗ್ತಾರೆ ಹೇಳು."

ಈ ಮಾತಿನಿಂದ ಔಲಿಸ್‌ಗೆ ಜೀವ ಬಂತು. ಆದರೆ ಅವನು ಅತ್ತ ಸರಿದದ್ದೇ ತಡ, ಬೊರ್ಯೆ ಫೋನೆತ್ತಿ ಊರಿಗೆಲ್ಲ ಸುದ್ದಿ ಮುಟ್ಟಿಸಿದ. ಬೇಕರಿಯ ಫ್ಯಾನಿ, ಏಲಕ್ಕಿ ಬನ್ನು ಕೈಗಿಟ್ಟು, ಇವತ್ತು ನಿಮಗೆ ಪರೀಕ್ಷೆಯಂತೆ, ಇಂಥ ದಿನ ಸ್ವೀಡಿಷ್ ಆಡಿ ದಣಿಸೋದು ಪಾಪ ಎಂದು ಫಿನ್ನಿಷ್‌ನಲ್ಲಿ ಹರಸಿದಳು. ಮೀನಿನ ಅಂಗಡಿಯವನು ಸ್ವೀಡಿಷ್ ಮಾತಾಡುವುದು ಎಷ್ಟು ಸುಲಭ ಎಂದು ಕಾಲು ಗಂಟೆ ಫಿನ್ನಿಷ್‌ನಲ್ಲಿ ವಿವರಿಸಿದ. ಬಸ್ ನಿಲ್ದಾಣದಲ್ಲಿ ಆರೇಳು ಜನ ಆಗಲೇ ಸೇರಿದ್ದರು. ಎಲ್ಲರ ಮುಖದಲ್ಲೂ ಸಹಾಯ ಮಾಡುವ ಉಮೇದು ಕಂಡು ಔಲಿಸ್ ತಲೆ ತಗ್ಗಿಸಿಕೊಂಡು ಹಿಂದಿನ ಓಣಿಗೆ ನುಗ್ಗಿದ. ಎರಡು ಕಿಲೋಮೀಟರು ನಡೆದು ಹೆದ್ದಾರಿಯ ನಿಲ್ದಾಣ ಸೇರಿಕೊಂಡ.

ಅಲ್ಲಿ ಒಬ್ಬ ಹೆಂಗಸು ಮಾತ್ರ ಇದ್ದಳು. ನಲವತ್ತೈದರ ಆಸುಪಾಸು, ಹಸಿರು ಟೊಪ್ಪಿಗೆ, ಕೈಯಲ್ಲಿ ಸ್ವೀಡಿಷ್ ಪತ್ರಿಕೆ. ಪತ್ರಿಕೆಯನ್ನು ಅವಳು ಎಷ್ಟು ಶ್ರದ್ಧೆಯಿಂದ ಓದುತ್ತಿದ್ದಳೆಂದರೆ ಬೆರಳು ಸಾಲಿನ ಮೇಲೇ ಇತ್ತು. ಔಲಿಸ್ ಉಸಿರು ಬಿಗಿಹಿಡಿದು, ಬಸ್ಸು ತಡವೇ ಎಂದು ಸ್ವೀಡಿಷ್‌ನಲ್ಲಿ ಕೇಳಿದ. ಹೆಂಗಸು ತಲೆಯೆತ್ತಿ ಬಾಯಿ ತೆರೆದಳು. ಅದರಿಂದ ಹೊರಬೀಳಲಿರುವುದು ಫಿನ್ನಿಷ್ಷೇ ಎಂದು ಹನ್ನೊಂದು ವರ್ಷದ ಅನುಭವ ಅವನಿಗೆ ಹೇಳಿತು.

"ನನಗೆ ಫಿನ್ನಿಷ್ ಬರಲ್ಲ," ಎಂದುಬಿಟ್ಟ. "ನಾನು ಐಸ್‌ಲ್ಯಾಂಡಿನವನು."

ಹೇಳಿದ ಮೇಲೆ ಅವನೇ ಬೆಚ್ಚಿದ. ಹೆಂಗಸು ಮಾತ್ರ ಮುಖವೆಲ್ಲ ಅರಳಿಸಿ, ನಿಧಾನವಾಗಿ, ಒಂದೊಂದೇ ಶಬ್ದವನ್ನು ಬಟ್ಟಲಲ್ಲಿಟ್ಟು ಕೊಟ್ಟ ಹಾಗೆ, ಸ್ವೀಡಿಷ್‌ನಲ್ಲಿ ಹೇಳಿದಳು:

"ತುಂಬ ಸಂತೋಷ. ಹಾಗಾದ್ರೆ ನಾವು ಸ್ವೀಡಿಷ್‌ನಲ್ಲೇ ಮಾತಾಡೋಣ."

ಮುಂದಿನ ಒಂದು ಗಂಟೆ ಔಲಿಸ್‌ನ ಬಾಳಿನ ಸುವರ್ಣಕಾಲ. ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಮಾತಿಗೆ ವಿಷಯ ಬೇಕಲ್ಲ, ಅವನು ತನ್ನ ಹೆಸರು ಥೋರಿರ್ ಎಂದ, ಹನ್ನೆರಡು ಕುದುರೆ ಸಾಕಿದ್ದೇನೆ ಎಂದ, ಮನೆಯ ಹಿತ್ತಲಲ್ಲೇ ಬೆಂಕಿ ಉಗುಳುವ ಬೆಟ್ಟ ಇದೆ ಎಂದ. ಹೆಂಗಸು ತಾಳ್ಮೆಯ ಮೂರ್ತಿ. ಪರದೇಶದವನಿಗೆ ತಿಳಿಯಲಿ ಎಂದು ಎಷ್ಟು ನಿಧಾನವಾಗಿ, ಎಷ್ಟು ಬಿಡಿಸಿ ಆಡುತ್ತಾಳೆ ಎಂದು ಅವನು ಒಳಗೊಳಗೇ ಕೈಮುಗಿದ. ಅವನು ಹೇಳಿದ್ದನ್ನು ಅವಳು ಮತ್ತೊಮ್ಮೆ ಹೇಳಿಸುತ್ತಿದ್ದಳು, ಆಗಾಗ ಚಿಕ್ಕ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ಕುದುರೆಗಳ ಮೇಲೆ ಇಷ್ಟು ಆಸಕ್ತಿಯೇ ಎಂದು ಅವನು ಉಬ್ಬಿಹೋದ.

ಮಾತಿನ ಭರಾಟೆಯಲ್ಲಿ, ಕುದುರೆಯಿಂದ ಬಿದ್ದು ಬೆನ್ನು ನೋವು ಎಂದೂ ಸೇರಿಸಿದ. ಅಲ್ಲಿಂದ ಅವಳು ಅವನನ್ನು ಬಿಡಲಿಲ್ಲ. ನೋವು ಎಲ್ಲಿ, ಎಷ್ಟು ದಿನದಿಂದ, ರಾತ್ರಿ ಹೆಚ್ಚೋ ಹಗಲು ಹೆಚ್ಚೋ, ಮೊದಲು ಯಾವ ಔಷಧಿ ತಗೊಂಡಿದ್ದಿರಿ, ಬುಧವಾರ ಬರೋಕಾಗತ್ತಾ ಗುರುವಾರವಾ. ಪಾಪ, ನಿವೃತ್ತ ನರ್ಸ್ ಇರಬೇಕು, ಎಷ್ಟು ಕರುಣೆ ಎಂದುಕೊಂಡು ಅವನೂ ಹುರುಪಿನಿಂದ ನರಳಿದ. ಸ್ವೀಡಿಷ್‌ನಲ್ಲಿ ಅವನು ಅಷ್ಟು ಸರಾಗವಾಗಿ ನರಳಬಲ್ಲ ಎಂದು ಅವನಿಗೇ ಗೊತ್ತಿರಲಿಲ್ಲ.

ನಗರ ಬಂತು. ಅವಳು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ನಿಮ್ಮಿಂದ ತುಂಬ ಉಪಕಾರವಾಯಿತು ಎಂದಳು. ಉಪಕಾರ ಪಡೆದವನು ನಾನು, ಥ್ಯಾಂಕ್ಸು ಹೇಳುವವಳು ಇವಳು, ಎಂಥ ಜನವಪ್ಪ ಎಂದುಕೊಂಡು ಔಲಿಸ್ ಕಚೇರಿಯ ಕಡೆ ಗಾಳಿಯಲ್ಲಿ ತೇಲಿದ.

ಒಳಗೆ ಮೂವರು ಕೂತಿದ್ದರು. ನಡುವೆ ಡಾಕ್ಟರ್ ಬೆನಿಟಾ ಲಿಂಡ್‌ಕ್ವಿಸ್ಟ್, ಬಿಳಿಗೂದಲಿನ ಸೌಮ್ಯ ಹೆಂಗಸು. ದಿನಚರಿ ಹೇಳಿ ಎಂದು ಸ್ವೀಡಿಷ್‌ನಲ್ಲಿ ಕೇಳಿದರು. ಔಲಿಸ್ ಬಾಯಿ ತೆರೆದ. ಸ್ವೀಡಿಷ್ ಧಾರಾಕಾರವಾಗಿ ಹರಿಯಿತು. ಅಡ್ಡಿಯೊಂದೇ, ನಾಲಿಗೆ ಪಳಗಿದ್ದು ಒಂದೇ ದಾರಿಯಲ್ಲಿ. ಬೆಳಿಗ್ಗೆ ಎದ್ದೆ ಎಂದು ಶುರು ಮಾಡಿದ್ದು ಎರಡನೇ ವಾಕ್ಯಕ್ಕೇ ಹನ್ನೆರಡು ಕುದುರೆಗೆ ಹುಲ್ಲು ಹಾಕುವಲ್ಲಿಗೆ ಬಂತು, ನಾಲ್ಕನೆಯದಕ್ಕೆ ಹಿತ್ತಲಿನ ಬೆಟ್ಟ ಹೊಗೆಯಾಡತೊಡಗಿತು. ಸಂದರ್ಶಕರು ಅರ್ಜಿಯನ್ನು ತಿರುವಿ ತಿರುವಿ ನೋಡಿದರು. ಲೂವಿಕ್‌ನ ಎರಡು ಕೋಣೆಯ ಮನೆಯಲ್ಲಿ ಹನ್ನೆರಡು ಕುದುರೆ ಎಲ್ಲಿ ಮಲಗುತ್ತವೆ ಎಂದು ಕೇಳುವಷ್ಟು ಒರಟರು ಅವರಲ್ಲ.

"ಬಹಳ ಚೆನ್ನಾಗಿ ಮಾತಾಡ್ತೀರಿ," ಎಂದು ಡಾಕ್ಟರ್ ಮೆಚ್ಚಿದರು. "ಈಗ ನಾನು ರೋಗಿ, ನೀವು ಕೌಂಟರಿನಲ್ಲಿ ಕೂತಿದೀರಿ. ನನ್ನನ್ನ ಮಾತಾಡ್ಸಿ."

ಔಲಿಸ್‌ನ ತಲೆಯಲ್ಲಿ ಕತ್ತಲು ಕವಿಯಿತು. ಕೌಂಟರಿನಲ್ಲಿ ಕೂತವರು ಏನು ಹೇಳುತ್ತಾರೆ? ಆರು ವರ್ಷ ಕೂತದ್ದೆಲ್ಲ ಫಿನ್ನಿಷ್‌ನಲ್ಲಿ. ಬಸ್ಸಿನಲ್ಲಿ ಅವನು ಆಡಿದ್ದು ರೋಗಿಯ ಮಾತು. ತಡಕಾಡಿದಾಗ ಕೈಗೆ ಸಿಕ್ಕಿದ್ದು ಅದೊಂದೇ.

"ನನಗೆ ಬೆನ್ನು ನೋವು," ಎಂದ.

"ಅಲ್ಲ, ನೋವು ನನಗೆ," ಎಂದರು ಡಾಕ್ಟರ್, ಮೃದುವಾಗಿ.

"ಕುದುರೆಯಿಂದ ಬಿದ್ದೆ. ಬುಧವಾರ ಬರಬಹುದು."

ಅವನ ಹಣೆಯ ನರ ಉಬ್ಬಿದ್ದನ್ನು ಕಂಡು ಮೂವರಿಗೂ ಕರುಳು ಚುರುಕ್ಕೆಂದಿತು. ನಿಜಕ್ಕೂ ನೋವೇ ಇರಬೇಕು ಎಂದುಕೊಂಡು ಡಾಕ್ಟರ್ ಲಿಂಡ್‌ಕ್ವಿಸ್ಟ್, ಪರೀಕ್ಷೆ ಮಾಡುತ್ತಿರುವವರು ತಾವೇ ಎಂಬುದನ್ನೂ ಮರೆತು, ಸ್ವಲ್ಪ ನೀರು ಕುಡಿತೀರಾ ಎಂದು ಫಿನ್ನಿಷ್‌ನಲ್ಲಿ ಕೇಳಿದರು. ಔಲಿಸ್ ಕೊಡಿ ಎಂದು ಫಿನ್ನಿಷ್‌ನಲ್ಲೇ ಹೇಳಿದ. ಸಂದರ್ಶನ ಅಲ್ಲಿಗೆ ಮುಗಿಯಿತು.

ಎರಡು ಗಂಟೆಗೆ ಫಲಿತಾಂಶ. ಅಲ್ಲಿಯ ತನಕ ಕೆಳಗಿನ ಕ್ಯಾಂಟೀನಿನಲ್ಲಿ ಬಟಾಣಿ ಸೂಪನ್ನು ಕದಡುತ್ತ ಕೂತಿದ್ದ. ಆಮೇಲೆ ಡಾಕ್ಟರ್ ಅವನನ್ನು ಒಳಗೆ ಕರೆದು, ಬೇಸರದಿಂದಲೇ ವಿಷಯ ತಿಳಿಸಿದರು. ಅವನ ಸ್ವೀಡಿಷ್ ನಿರರ್ಗಳ. ಆದರೆ ಇನ್ನೊಬ್ಬ ಅಭ್ಯರ್ಥಿ ಕೌಂಟರಿನ ಮಾತನ್ನೇ ಎಷ್ಟು ಅಚ್ಚುಕಟ್ಟಾಗಿ ಆಡಿದರೆಂದರೆ, ನೋವು ಎಲ್ಲಿ, ಎಷ್ಟು ದಿನದಿಂದ, ಬುಧವಾರವೋ ಗುರುವಾರವೋ ಎಂದು ಕೇಳುವಾಗ ತಮಗೇ ಬೆನ್ನು ನೋಯುತ್ತಿದೆಯೇನೋ ಅನ್ನಿಸಿತಂತೆ. ಹುದ್ದೆ ಅವರಿಗೆ. ಸೋಮವಾರ ಎಂಟು ಗಂಟೆಯಿಂದ ಒಂದು ವಾರ ಅವರಿಗೆ ಕೆಲಸ ಕಲಿಸಿಕೊಟ್ಟರೆ ಔಲಿಸ್‌ನ ಹಂಗಾಮಿ ಅವಧಿ ಮುಗಿಯಿತು.

ಅವನು ಕಾಲೆಳೆಯುತ್ತ ಹೊರಗೆ ಬಂದ. ಹಜಾರದ ಆ ತುದಿಯಿಂದ ಹಸಿರು ಟೊಪ್ಪಿಗೆಯೊಂದು ಓಡಿಬಂತು.

"ಥೋರಿರ್, ನೀವು ಇಲ್ಲೇ ಇದೀರಾ," ಎಂದಳು ಅವಳು, ಸ್ವೀಡಿಷ್‌ನಲ್ಲಿ, ನಿಧಾನವಾಗಿ. ನಿಧಾನ ಅವನಿಗಾಗಿ ಅಲ್ಲ, ಅವಳಿಗೆ ಅದಕ್ಕಿಂತ ಬೇಗ ಬರುತ್ತಿರಲಿಲ್ಲ ಎಂಬುದು ಔಲಿಸ್‌ಗೆ ಆಗ ಹೊಳೆಯಿತು. "ಕೆಲಸ ಸಿಕ್ತು. ಎಲ್ಲ ನಿಮ್ಮಿಂದ. ನಾನು ಸಾವೊದವಳು, ನಮ್ಮಲ್ಲಿ ಸ್ವೀಡಿಷ್ ಆಡೋರೇ ಇಲ್ಲ. ಅಭ್ಯಾಸ ಮಾಡಣ ಅಂತ ನಿನ್ನೆ ಲೂವಿಕ್‌ಗೆ ಬಂದು ಇಡೀ ದಿನ ಸುತ್ತಿದೆ. ಬಾಯಿ ತೆಗೆದ್ರೆ ಸಾಕು, ಎಲ್ಲರೂ ಫಿನ್ನಿಷ್‌ನಲ್ಲೇ ಉತ್ತರ ಕೊಡ್ತಾರೆ. ಅಷ್ಟು ಒಳ್ಳೆಯವರು. ಬೆಳಿಗ್ಗೆ ನಿಮ್ಮ ಹತ್ರಾನೂ ಸೋತು ಫಿನ್ನಿಷ್‌ನಲ್ಲೇ ಹೇಳಕ್ಕೆ ಹೊರಟಿದ್ದೆ. ಅಷ್ಟರಲ್ಲಿ ನೀವು ಫಿನ್ನಿಷ್ ಬರಲ್ಲ ಅಂದ್ರಿ. ದೇವರೇ ಕಳಿಸಿದ ಹಾಗಾಯ್ತು." ಅವಳು ಕಣ್ಣೊರೆಸಿಕೊಂಡಳು. "ಐಸ್‌ಲ್ಯಾಂಡಿನವರ ಉಚ್ಚಾರ ನಮ್ಮ ಸಾವೊದವರ ಥರಾನೇ ಇರತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ."

ಔಲಿಸ್‌ಗೆ ನಿಜ ಹೇಳಿಬಿಡಬೇಕು ಅನ್ನಿಸಿತು. ಆದರೆ ಒಳ್ಳೆಯವರ ಊರಿನಲ್ಲಿ ಹನ್ನೊಂದು ವರ್ಷ ಇದ್ದು ಅವನಿಗೂ ಆ ಗುಣ ಅಂಟಿಕೊಂಡಿತ್ತು. ಅಷ್ಟು ಸಂತೋಷದಲ್ಲಿರುವವಳ ಮುಖ ಬಾಡಿಸಲು ಅವನಿಗೆ ಮನಸ್ಸು ಬರಲಿಲ್ಲ. ಅಭಿನಂದನೆ ಎಂದು ಸ್ವೀಡಿಷ್‌ನಲ್ಲಿ ಹೇಳಿದ. ಅದನ್ನಂತೂ ಅವನು ತಪ್ಪಿಲ್ಲದೆ ಹೇಳಿದ.

"ನಿಮಗೆ ನಾನೊಂದು ಸಣ್ಣ ಉಪಕಾರ ಮಾಡಿದೀನಿ," ಎಂದಳು ಅವಳು, ಚೀಲದಿಂದ ಒಂದು ಚೀಟಿ ತೆಗೆದು. "ನನ್ನ ಮೊದಲನೇ ರೋಗಿ ನೀವೇ. ಸೋಮವಾರ ಎಂಟೂ ಕಾಲಿಗೆ, ಬೆನ್ನು ತೋರಿಸೋಕೆ. ಸ್ವೀಡಿಷ್‌ನಲ್ಲಿ ನೀವು ಎಷ್ಟು ಕಷ್ಟಪಡ್ತೀರಿ ಅಂತ ನಾನು ನೋಡಿದೀನಲ್ಲ, ಐಸ್‌ಲ್ಯಾಂಡಿನವರಿಗೆ ನಮ್ಮ ದೇಶದಲ್ಲಿ ಅವರ ಮಾತಿನಲ್ಲೇ ವ್ಯವಹರಿಸೋ ಹಕ್ಕಿದೆ. ಕೇಳಿದ ಐದೇ ನಿಮಿಷದಲ್ಲಿ ಇಲ್ಲಿಯವರು ದುಭಾಷಿನ ಗೊತ್ತು ಮಾಡಿದ್ರು. ಅವರು ನಿಮಗೋಸ್ಕರ ಹೆಲ್ಸಿಂಕಿಯಿಂದ ಬೆಳಗಿನ ರೈಲಿಗೆ ಬರ್ತಿದಾರೆ, ತಪ್ಪಿಸ್ಬೇಡಿ."

ಅವನು ಚೀಟಿ ತೆಗೆದುಕೊಂಡ. ಅದು ಎರಡೂ ಭಾಷೆಯಲ್ಲಿತ್ತು, ಕೆಳಗೆ ಯಾರೋ ಪುಣ್ಯಾತ್ಮರು ಐಸ್‌ಲ್ಯಾಂಡಿನ ಭಾಷೆಯಲ್ಲೂ ಒಂದು ಸಾಲು ಬರೆದಿದ್ದರು.

"ಅಂದ ಹಾಗೆ, ನೀವು ಲೂವಿಕ್‌ನಲ್ಲಿ ಓಡಾಡ್ತೀರಲ್ಲ," ಎಂದು ಅವಳು ತಿರುಗಿ ನಿಂತು ಕೇಳಿದಳು. "ಔಲಿಸ್ ಹುತ್ತುನೆನ್ ಅಂತ ಯಾರಾದ್ರೂ ಗೊತ್ತಾ? ಸೋಮವಾರ ಎಂಟಕ್ಕೆ ಕೌಂಟರಿನಲ್ಲಿ ನನಗೆ ಕೆಲಸ ಹೇಳಿಕೊಡೋರು ಅವರೇ ಅಂತೆ."