ಎಲ್ಲರಿಗೂ ತಿಳಿಸಲಾಗಿದೆ

ನಾನು ಒಂಬತ್ತು ವರ್ಷ ಜನರಿಗೆ ವಿಷಯ ತಿಳಿಸುವ ಕೆಲಸ ಮಾಡಿದ್ದೇನೆ. ಆ ಒಂಬತ್ತು ವರ್ಷಗಳಲ್ಲಿ ಯಾರಿಗಾದರೂ ಯಾವುದಾದರೂ ವಿಷಯ ಹೊತ್ತಿಗೆ ಸರಿಯಾಗಿ ತಿಳಿಯಿತೆ ಎಂದು ಕೇಳಿದರೆ, ಎದೆ ಮುಟ್ಟಿಕೊಂಡು ಇಲ್ಲ ಎನ್ನುತ್ತೇನೆ. ಬೇಡದ ಸುದ್ದಿಗೆ ಯಾರ ಸಹಾಯವೂ ಬೇಕಿಲ್ಲ, ಅದು ತಾನಾಗಿಯೇ ಊರು ಸುತ್ತುತ್ತದೆ. ಬೆಳಿಗ್ಗೆ ನಮ್ಮ ಮನೆಯಲ್ಲಿ ಹಾಲು ಒಡೆದರೆ ಮಧ್ಯಾಹ್ನದೊಳಗೆ ಹೊಸೂರಿನ ಕೋಟೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಸಂಜೆ ನನ್ನನ್ನು ಕಂಡವರು ನಿಂಬೆಹಣ್ಣಿನ ಕೈಯಲ್ಲಿ ಪಾತ್ರೆ ಮುಟ್ಟಿದ್ದಿರಾ ಎಂದು ವಿಚಾರಿಸುತ್ತಿದ್ದರು. ಅದೇ ಹೊಸೂರಿನಿಂದ ಎರಡು ಮೈಲಿ ದೂರದ ಒಬ್ಬ ಮೇಷ್ಟರಿಗೆ ಅವನ ಹೊಟ್ಟೆಪಾಡಿನ ಸುದ್ದಿಯನ್ನು ಮುಟ್ಟಿಸಲು ನನ್ನಿಂದ ಆಗಲಿಲ್ಲ. ಅದನ್ನು ಹೇಳಿಕೊಳ್ಳಲೆಂದೇ ಇಷ್ಟು ಪೀಠಿಕೆ.

ಯುದ್ಧದ ಕಾಲ. ಸೀಮೆಎಣ್ಣೆಗೆ ಬರ, ಬಟ್ಟೆಗೆ ಬರ, ಎಲ್ಲಕ್ಕಿಂತ ಹೆಚ್ಚಾಗಿ ಕಾಗದಕ್ಕೆ ಬರ. ನಾನು ಹೊಸೂರಿನಲ್ಲಿ ಒಂದು ಬೋರ್ಡು ಶಾಲೆಯ ಹೆಡ್‌ಮೇಷ್ಟ್ರು. ಸುತ್ತಲಿನ ಹನ್ನೊಂದು ಹಳ್ಳಿ ಶಾಲೆಗಳಿಗೆ ಮೇಲಿನವರ ಸರ್ಕ್ಯುಲರುಗಳನ್ನು ತಿಳಿಸುವ ಹೊಣೆಯನ್ನೂ ನನ್ನ ತಲೆಗೆ ಕಟ್ಟಿದ್ದರು. ಮೊದಲೆಲ್ಲ ಶಾಲೆಗೊಂದು ಪ್ರತಿ ಬರುತ್ತಿತ್ತಂತೆ. ನನ್ನ ಕಾಲಕ್ಕೆ ಹನ್ನೊಂದಕ್ಕೂ ಸೇರಿ ಒಂದೇ ಪ್ರತಿ, ಅದೂ ಇಂಗ್ಲಿಷಿನಲ್ಲಿ ಇಲ್ಲವೇ, ನಮ್ಮ ಸೀಮೆ ತಮಿಳು ಜಿಲ್ಲೆಗೆ ಸೇರಿದ್ದರಿಂದ, ತಮಿಳಿನಲ್ಲಿ. ಅದನ್ನು ನಾನು ಕನ್ನಡಕ್ಕೆ ತಂದು, ಒಂದು ಉದ್ದ ನೋಟುಬುಕ್ಕಿನಲ್ಲಿ ಬರೆದು, ಮೂಲವನ್ನೂ ಅದರಲ್ಲೇ ಅಂಟಿಸಿ ಕಳಿಸಬೇಕು. ಆ ನೋಟುಬುಕ್ಕು ಶಾಲೆಯಿಂದ ಶಾಲೆಗೆ ಹೋಗಬೇಕು. ಪ್ರತಿಯೊಬ್ಬ ಮೇಷ್ಟರೂ ಓದಿ, ‘ನೋಡಿದೆ’ ಎಂದು ಬರೆದು, ತಾರೀಖು ಹಾಕಿ, ರುಜು ಮಾಡಬೇಕು. ಕೊನೆಯಲ್ಲಿ ‘ತಡವಾಗಿದ್ದರೆ ಕಾರಣ’ ಎಂದು ಒಂದು ಕಾಲಮ್ಮು. ಈ ಕಾಲಮ್ಮನ್ನು ಸೇರಿಸಿದವನು ನಾನೇ. ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಮೊದಮೊದಲು ನೋಟುಬುಕ್ಕನ್ನು ದಾರಿಗೆ ಅನುಕೂಲವಾಗುವ ಹಾಗೆ ಕಳಿಸಿದೆ. ಹತ್ತಿರದ ಹಳ್ಳಿ ಮೊದಲು, ದೂರದ್ದು ಆಮೇಲೆ. ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಡೆಂಕಣಿಕೋಟೆಯ ಆಚೆ, ಕಾಡಂಚಿನ ಒಂದು ಶಾಲೆಯಲ್ಲಿ ನಮ್ಮೆಲ್ಲರಿಗಿಂತ ಹಿರಿಯ ಮೇಷ್ಟರೊಬ್ಬರಿದ್ದರು. ಅವರು ನೋಟುಬುಕ್ಕನ್ನು ರುಜು ಮಾಡದೆ ಹಿಂದಕ್ಕೆ ಕಳಿಸಿದರು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನ ರುಜುವಿನ ಕೆಳಗೆ ತಮ್ಮ ರುಜು ಬೀಳುವುದಿಲ್ಲ ಎಂದು ಹೇಳಿಕಳಿಸಿದ್ದರು. ನಿಜ ಹೇಳಬೇಕೆಂದರೆ ನನಗೆ ಅವರ ಮಾತು ನ್ಯಾಯವಾಗಿಯೇ ಕಂಡಿತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅಂದಿನಿಂದ ನೋಟುಬುಕ್ಕು ಹಿರಿತನದ ಪ್ರಕಾರ ಹೋಗತೊಡಗಿತು. ಹೊಸೂರಿನಿಂದ ತೆಂಕಲಿಗೆ ಡೆಂಕಣಿಕೋಟೆ ಕಡೆ, ಅಲ್ಲಿಂದ ಪೆಟ್ರೋಲಿಲ್ಲದೆ ಇದ್ದಲಿನಲ್ಲಿ ಓಡುವ ಬಸ್ಸಿನಲ್ಲಿ ಮತ್ತೆ ಹೊಸೂರಿಗೆ ಬಂದು, ನನ್ನ ಬಾಗಿಲ ಮುಂದೆಯೇ ಹಾದು, ಬಡಗಲಿಗೆ ಬೇರಿಕೆ ಕಡೆ. ಬೇರಿಕೆಯಿಂದ ಪುನಃ ಡೆಂಕಣಿಕೋಟೆ ದಾರಿ, ಏಕೆಂದರೆ ಮೂರನೆಯ ಹಿರಿಯರು ಇರುವುದು ಅಲ್ಲಿ. ಬಸ್ ಕಂಡಕ್ಟರು, ಗಾಣದವನು, ಸಂತೆಗೆ ಬಂದ ರೈತರು, ಹೀಗೆ ಸಿಕ್ಕಿದವರ ಕೈಯಲ್ಲಿ ಅದು ಓಡಾಡುತ್ತಿತ್ತು. ಹಿರಿಯ ಮೇಷ್ಟರು ಅಷ್ಟಮಿ ನವಮಿಗಳಲ್ಲಿ ಸರ್ಕಾರದ ಕಾಗದಕ್ಕೆ ರುಜು ಹಾಕುತ್ತಿರಲಿಲ್ಲ. ರಾಗಿ ತೆನೆ ಕಟ್ಟುವ ಕಾಲಕ್ಕೆ ಆ ಕಡೆ ಆನೆಗಳು ಹೊಲಕ್ಕೆ ಇಳಿದರಂತೂ ದಾರಿಯೇ ಬಂದ್. ಒಮ್ಮೆ ನೋಟುಬುಕ್ಕು ಮೂರು ವಾರ ತಡವಾಗಿ ಬಂದಾಗ ಕಾರಣದ ಕಾಲಮ್ಮಿನಲ್ಲಿ ಅವರು ‘ಆನೆ’ ಎಂದು ಒಂದೇ ಮಾತು ಬರೆದಿದ್ದರು. ಮುಂದಿನ ಸಲ ‘ಅದೇ ಆನೆ’ ಎಂದಿತ್ತು. ನಾನು ಅದನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸಿ ಮೇಲಕ್ಕೆ ಕಳಿಸಿದೆ. ಅಲ್ಲಿಂದ ಯಾವ ಆಕ್ಷೇಪಣೆಯೂ ಬರಲಿಲ್ಲ. ಅವರೂ ಓದುತ್ತಿರಲಿಲ್ಲ ಎಂದು ಕಾಣುತ್ತದೆ.

ಈ ಸಾಲಿನ ಕಟ್ಟಕಡೆಗೆ ನಿಂತಿದ್ದವನು ಮುನಿಯಪ್ಪ. ಮೂಕಂಡಪಲ್ಲಿಯ ಆಚೆಗಿನ ಒಂದು ಸಣ್ಣ ಹಳ್ಳಿಯಲ್ಲಿ ಅವನೊಬ್ಬನೇ ಮೇಷ್ಟ್ರು. ಟ್ರೈನಿಂಗ್ ಆಗಿರಲಿಲ್ಲ, ಆದರೆ ಅಕ್ಷರ ಮುತ್ತಿನಂಥದು. ಹುಣಸೆಬೀಜ ಹರಡಿ ಭಾಗಾಕಾರ ಹೇಳಿಕೊಡುತ್ತಿದ್ದ. ಅವನು ಹೇಳಿಕೊಟ್ಟ ಮಕ್ಕಳು ಹೊಸೂರಿಗೆ ಬಂದರೆ ನನ್ನ ಶಾಲೆಯ ಮಕ್ಕಳನ್ನು ಲೆಕ್ಕದಲ್ಲಿ ಹಿಂದೆ ಹಾಕುತ್ತಿದ್ದರು. ಅವನನ್ನು ನಾನು ವಾರಕ್ಕೊಮ್ಮೆ ಸಂತೆಯಲ್ಲಿ ಕಾಣುತ್ತಿದ್ದೆ. ಹಾಗೆ ಒಂದು ಸಲ ಕಂಡಾಗ, ನಾಡಿದ್ದು ರಜ ಕೊಟ್ಟಿದ್ದಾರೆ, ಸರ್ಕ್ಯುಲರು ಹಿಂದೆ ಬರುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿದೆ. ಆಫೀಸಿನ ಗುಮಾಸ್ತರೊಬ್ಬರು ನನಗೆ ಹಾಗೆಂದಿದ್ದರು. ಮುನಿಯಪ್ಪ ನಂಬಿ ಶಾಲೆಗೆ ಬೀಗ ಹಾಕಿದ. ರಜ ಕೊಟ್ಟಿರಲಿಲ್ಲ. ಅದೇ ದಿನ ಶಾಲಾ ಇನ್‌ಸ್ಪೆಕ್ಟರರ ಜಟಕಾ ಅವನ ಊರಿಗೆ ಹೋಯಿತು.

ಮೇಲಿನಿಂದ ವಿಚಾರಣೆ ಬಂತು. ಇಂಥ ರಜದ ಸುದ್ದಿ ಕೊಟ್ಟವರು ನೀವೇ ಎಂದು ಮುನಿಯಪ್ಪ ಹೇಳುತ್ತಾನೆ, ನಿಜವೆ? ನಾನು ಎರಡು ದಿನ ಯೋಚಿಸಿ ಜವಾಬು ಬರೆದೆ. ಹಾಗೆ ಹೇಳಿದ ನೆನಪು ತನಗಿಲ್ಲ, ಉಪಾಧ್ಯಾಯರು ಬಾಯಿಮಾತನ್ನು ನಂಬದೆ ಸರ್ಕ್ಯುಲರಿಗೆ ಕಾಯಬೇಕೆಂದು ತಾನು ಯಾವಾಗಲೂ ಬೋಧಿಸುತ್ತ ಬಂದಿರುವುದಾಗಿ ಅರಿಕೆ. ಮುನಿಯಪ್ಪನ ಸರ್ವೀಸ್ ರಿಜಿಸ್ಟರಿನಲ್ಲಿ ಕೆಂಪು ಶಾಯಿ ಬಿತ್ತು. ನನ್ನದು ಬಿಳುಪಾಗಿಯೇ ಉಳಿಯಿತು. ಅವನು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಸಂತೆಯಲ್ಲಿ ಮೊದಲಿನ ಹಾಗೆಯೇ ಕೈಮುಗಿಯುತ್ತಿದ್ದ. ಕೇಳಿದವಳು ನನ್ನ ಹೆಂಡತಿ. “ನೀವೇ ಅಲ್ವಾ ಹೇಳಿದ್ದು? ನಾನು ಪಕ್ಕದಲ್ಲೇ ಬದನೆಕಾಯಿ ಆರಿಸ್ತಾ ಇದ್ನಲ್ಲ,” ಎಂದಳು. ಹೆಂಗಸರಿಗೆ ಆಫೀಸಿನ ಕ್ರಮ ತಿಳಿಯುವುದಿಲ್ಲ ಎಂದು ನಾನು ಮುಖ ತಿರುಗಿಸಿದೆ.

ಇದಾದ ಮುಂದಿನ ವರ್ಷ ಆ ಸರ್ಕ್ಯುಲರು ಬಂತು. ಟ್ರೈನಿಂಗ್ ಆಗದ ಉಪಾಧ್ಯಾಯರು ಟ್ರೈನಿಂಗ್ ಶಾಲೆಗೆ ಸೇರಲು ತಿಂಗಳ ಕೊನೆಯೊಳಗೆ ಅರ್ಜಿ ಹಾಕಬೇಕು, ಹಾಕದವರನ್ನು ಈ ವರ್ಷದಿಂದಾಚೆಗೆ ಇಟ್ಟುಕೊಳ್ಳುವುದಿಲ್ಲ. ಈ ಸರ್ಕ್ಯುಲರನ್ನು ಯಾವ ದಿನ ನೋಡಿದೆ ಎಂಬುದನ್ನೂ ಅರ್ಜಿಯಲ್ಲಿ ಬರೆಯಬೇಕು. ನಮ್ಮ ಹನ್ನೊಂದು ಶಾಲೆಗಳಲ್ಲಿ ಟ್ರೈನಿಂಗ್ ಆಗದವನು ಮುನಿಯಪ್ಪನೊಬ್ಬನೇ. ಉಳಿದ ಹತ್ತು ಜನಕ್ಕೂ ಆ ಕಾಗದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ನೋಟುಬುಕ್ಕು ಮೊದಲು ಹಿರಿಯರ ಬಳಿಗೇ ಹೋಯಿತು. ಅಲ್ಲಿ ರಾಗಿ ತೆನೆ ಕಟ್ಟಿತ್ತು. ಆನೆಗಳು ಇಳಿದವು.

ತಿಂಗಳು ಮುಗಿಯಲು ಐದು ದಿನ ಉಳಿಯಿತು. ಊಟಕ್ಕೆ ಬಡಿಸುತ್ತ ಹೆಂಡತಿ ಕೇಳಿದಳು: “ಆ ಮುನಿಯಪ್ಪನಿಗೆ ಹೇಳಿದ್ರಾ?” ಇದು ಅವಳಿಗೆ ಹೇಗೆ ಗೊತ್ತಾಯಿತೋ ನಾನು ವಿಚಾರಿಸಲಿಲ್ಲ. ಹಾಲು ಒಡೆದ ಸುದ್ದಿ ಹೋಗುವ ದಾರಿಯಲ್ಲೇ ಅದೂ ಬಂದಿರಬೇಕು. ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಕೈತೊಳೆದು, ಕೊಡೆ ಹಿಡಿದು, ಬಿಸಿಲಿನಲ್ಲಿ ಎರಡು ಮೈಲಿ ನಡೆದೆ.

ಮುನಿಯಪ್ಪ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದ. ನನ್ನನ್ನು ಕಂಡು ತನ್ನ ಕುರ್ಚಿ ಬಿಟ್ಟುಕೊಟ್ಟು, ಎದುರು ಮನೆಯಿಂದ ಮಜ್ಜಿಗೆ ತರಿಸಿದ. ನಾನು ಎಲ್ಲವನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಕೊಂಡ.

“ಆಗ್ಲಿ ಮೇಷ್ಟ್ರೇ. ಸರ್ಕ್ಯುಲರ್ ಬರ್ಲಿ, ಬಂದ ದಿನವೇ ಅರ್ಜಿ ಬರ್ದು ಹಾಕ್ತೀನಿ.”

ಅದು ಬರುವ ಹೊತ್ತಿಗೆ ಗಡುವು ಮುಗಿದಿರುತ್ತದೆ, ಈಗಲೇ ಹಾಕು ಎಂದೆ. ಅವನು ಮಕ್ಕಳನ್ನು ಆಟಕ್ಕೆ ಬಿಟ್ಟ.

“ತಪ್ಪು ತಿಳ್ಕೋಬ್ಯಾಡಿ. ಹೋದ್ ಸಲ ಬಾಯ್ಮಾತ್ ಕೇಳಿ ಬೀಗ ಹಾಕ್ಬುಟ್ಟೆ. ಈಗ ಕಾಗ್ದ ನೋಡ್ದೆ ಅರ್ಜಿ ಹಾಕುದ್ರೆ, ನಿಂಗ್ಯಾರು ಹೇಳಿದ್ರು ಅಂತ ಕೇಳ್ತಾರೆ. ನಾನು ಯಾರ ಹೆಸ್ರು ಹೇಳ್ಲಿ? ಇನ್ನೊಂದ್ಸಲ ಕೆಂಪು ಶಾಯಿ ಬಿದ್ರೆ ಟ್ರೈನಿಂಗ್ ಇರ್ಲಿ, ಇರೋ ಕೆಲ್ಸಾನೂ ಹೋಗ್ಬುಡ್ತದೆ.” ಆಮೇಲೆ ತನ್ನ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು, ಶಾಯಿಕುಡಿಕೆಯ ಜೊತೆಗೆ ನನ್ನ ಮುಂದಿಟ್ಟ. “ನೀವೊಂದು ಚೀಟಿ ಬರ್ದು ರುಜು ಹಾಕ್ಕೊಡಿ, ಸಾಕು. ಈಗ್ಲೇ ಬರೀತೀನಿ.”

ಎಷ್ಟು ಸಣ್ಣ ಕೆಲಸ. ಬರೆದೆ. ‘ಸದರಿ ವಿಷಯವನ್ನು ಈ ದಿನ ನಾನೇ ಖುದ್ದಾಗಿ ತಿಳಿಸಿರುತ್ತೇನೆ’ ಎನ್ನುವವರೆಗೆ ಬರೆದೆ. ರುಜುವಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಹತ್ತು ಜನ ಹಿರಿಯರನ್ನು ಬಿಟ್ಟು ಕಿರಿಯನಿಗೆ ಮೊದಲು ತಿಳಿಸಿದ್ದೇಕೆ ಎಂದು ದೂರು ಹೋದರೆ? ಹಾಗಾದರೆ ಹೋದ ವರ್ಷವೂ ಹೇಳಿದ್ದವನು ನೀನೇ ತಾನೆ ಎಂದು ಹಳೆಯ ಫೈಲು ತೆಗೆದರೆ? ನಾನು ಪೆನ್ನು ಕೆಳಗಿಟ್ಟೆ. ರುಜುವೊಂದೇ ಸಾಲದು, ಮೊಹರು ಬೇಕು, ಮೊಹರು ಹೊಸೂರಿನಲ್ಲಿದೆ, ನಾಳೆ ಹಾಕಿಸಿಕೊಂಡು ಬರುತ್ತೇನೆ ಎಂದು ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ. ಮುನಿಯಪ್ಪ ಆಗಲಿ ಎಂದ. ರಾಗಿ ಹೊಲದ ಬದುವಿನವರೆಗೆ ಬಂದು ಬೀಳ್ಕೊಟ್ಟ. ಅವನಿಗೆ ಗೊತ್ತಾಗಿತ್ತು.

ಮನೆಗೆ ಬಂದು ಹೆಂಡತಿಗೆ, ಮುನಿಯಪ್ಪನಿಗೆ ಹೇಳಿ ಬಂದೆ ಎಂದೆ. ಸುಳ್ಳಲ್ಲವಲ್ಲ. ಅವಳಿಗೆ ಸಮಾಧಾನವಾಗಿ ಎರಡನೆಯ ಸಲ ಕಾಫಿ ಕೊಟ್ಟಳು. ಸಕ್ಕರೆಯ ಅಷ್ಟು ಬರದಲ್ಲಿ ನನಗೆ ದೊರೆತ ಆ ಲೋಟವನ್ನು ನಾನು ಪೂರ್ತಿ ಕುಡಿದೆ. ಮಾರನೆಯ ದಿನ ಮೂಕಂಡಪಲ್ಲಿ ಕಡೆಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಆ ವಾರ ಸಂತೆಗೂ ಹೆಂಡತಿಯನ್ನೇ ಕಳಿಸಿದೆ.

ವರ್ಷ ಮುಗಿದಾಗ ಮುನಿಯಪ್ಪನನ್ನು ಬಿಡಿಸಿ, ಟ್ರೈನಿಂಗ್ ಆದ ಇನ್ನೊಬ್ಬರನ್ನು ಅಲ್ಲಿಗೆ ಹಾಕಿದರು. ಮುನಿಯಪ್ಪ ಬೇರಿಕೆಯ ಕಡೆ ಮಾವನ ಮನೆಗೆ ಹೋಗಿ ಬೇಸಾಯಕ್ಕೆ ನಿಂತನೆಂದು ಕೇಳಿದೆ. ಹೊಸ ಮೇಷ್ಟರು ಹುಣಸೆಬೀಜಗಳನ್ನು ಗುಡಿಸಿ ಹೊರಗೆ ಹಾಕಿಸಿದರಂತೆ.

ನೋಟುಬುಕ್ಕು ನನಗೆ ವಾಪಸು ಬಂದದ್ದು ಗಡುವು ಕಳೆದು ಹದಿನೆಂಟು ದಿನಕ್ಕೆ, ಅವನಿನ್ನೂ ಕೆಲಸದಲ್ಲಿದ್ದಾಗಲೇ. ಹನ್ನೊಂದೂ ರುಜುಗಳಿದ್ದವು, ಹಿರಿತನದ ಪ್ರಕಾರ, ಒಂದೂ ತಪ್ಪಿಲ್ಲದೆ. ಕೊನೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ‘ನೋಡಿದೆ, ಮುನಿಯಪ್ಪ’ ಎಂದಿತ್ತು. ಪಕ್ಕದ ಕಾರಣದ ಕಾಲಮ್ಮಿನಲ್ಲಿ ನನ್ನ ಹೆಸರಿರಬಹುದೆಂದು ಹೆದರಿ ನೋಡಿದೆ. ಅವನೂ ‘ಆನೆ’ ಎಂದು ಬರೆದಿದ್ದ. ಹೊಸೂರಿಗೆ ಎರಡು ಮೈಲಿಯ ಆ ಊರಿನಲ್ಲಿ ಯಾವ ಕಾಲಕ್ಕೂ ಆನೆ ಇಳಿದದ್ದಿಲ್ಲ.

ನಾನು ಅದರ ಕೆಳಗೆ, ರೂಢಿಯ ಪ್ರಕಾರ, ‘ಎಲ್ಲರಿಗೂ ತಿಳಿಸಲಾಗಿದೆ’ ಎಂದು ಬರೆದು, ರುಜು ಹಾಕಿ, ಮೊಹರು ಒತ್ತಿ ಮೇಲಕ್ಕೆ ಕಳಿಸಿದೆ. ಆ ದಿನ ಕೈ ಎಲ್ಲಿಯೂ ನಿಲ್ಲಲಿಲ್ಲ.