ಪಂಕ್ತಿಗೊಂದು ರಾಕ್ ಹಾಡು

ಹಾಡುವವನ ಎದುರು ಎರಡು ಬಗೆಯ ಜನ ಕೂರುತ್ತಾರೆ. ಕೇಳುವವರು ಒಂದು ಬಗೆ, ಉಣ್ಣುವವರು ಇನ್ನೊಂದು ಬಗೆ. ದೇವರು ನನ್ನ ಹಣೆಯಲ್ಲಿ ಬರೆದದ್ದು ಎರಡನೆಯವರನ್ನು. ಅದಕ್ಕೆ ನನಗೇನೂ ಬೇಸರವಿಲ್ಲ ಎಂದರೆ ನೀವು ನಂಬುವುದಿಲ್ಲ, ನಂಬಲೂ ಬೇಡಿ. ನಾನು ಮದ್ದೂರಿನ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಬಿಡುವಿನಲ್ಲಿ ‘ಕೊಪ್ಪರಿಗೆ’ ಎಂಬ ರಾಕ್ ಬ್ಯಾಂಡಿನ ಗಾಯಕ, ಗಿಟಾರು ನುಡಿಸುವವನು, ಮತ್ತು ಬೇರೆ ಯಾರೂ ಬರೆಯಲು ಒಪ್ಪದ ಕಾರಣ ಕವಿಯೂ ಹೌದು. ನಮ್ಮ ತಾಲ್ಲೂಕಿನಲ್ಲಿ ನಮ್ಮನ್ನು ಅರಿಯದವರಿಲ್ಲ. ಆದರೂ ನನ್ನದೊಂದು ಆಸೆ ಹಾಗೇ ಉಳಿದುಬಿಟ್ಟಿತ್ತು. ನನ್ನ ಹೆಂಡತಿ ಸುಜಾತ ನನ್ನ ಒಂದು ಹಾಡನ್ನು, ಒಂದೇ ಒಂದನ್ನು, ಮೊದಲಿನಿಂದ ಕೊನೆಯವರೆಗೆ ಕೇಳಬೇಕು ಎಂಬುದು. ಕೇಳು ಬಾ ಎಂದು ಕೂರಿಸಿದರೆ ಎರಡನೇ ಸಾಲಿಗೆ ಕುಕ್ಕರ್ ಕೂಗುತ್ತಿತ್ತು, ಇಲ್ಲವೆ ಸೊಪ್ಪಿನವಳು ಕೂಗುತ್ತಿದ್ದಳು. ಯಾರೂ ಕೂಗದ ದಿನ ಅವಳೇ, “ಚೆನ್ನಾಗದೆ ಕಣ್ರೀ, ಮಿಕ್ಕಿದ್ದು ಆಮೇಲೆ ಕೇಳ್ತೀನಿ” ಎಂದು ಎದ್ದುಹೋಗುತ್ತಿದ್ದಳು. ಆ ‘ಆಮೇಲೆ’ಗೆ ಕಾದು ಕಾದು ನನ್ನ ತಲೆ ಮುಂಭಾಗದಲ್ಲಿ ಬೋಳಾಯಿತು.

ಬ್ಯಾಂಡ್ ಹುಟ್ಟಿದ್ದು ನಿಡಘಟ್ಟದ ಹತ್ತಿರ ಬೋರೇಗೌಡನ ಆಲೆಮನೆಯಲ್ಲಿ. ಬೋರೇಗೌಡ ನನ್ನ ಜೊತೆ ಹೈಸ್ಕೂಲು ಓದಿದವನು, ಈಗ ಕಬ್ಬು ಬೆಳೆದು ತಾನೇ ಬೆಲ್ಲ ಮಾಡುತ್ತಾನೆ. ತರಗತಿಯಲ್ಲಿ ಬೆಂಚು ಬಡಿದು ಬಡಿದು ಬೆತ್ತದ ರುಚಿ ಕಂಡವನಾದ್ದರಿಂದ ಡ್ರಮ್ಮು ಬಾರಿಸಲು ಅವನಿಗೆ ಬೇರೆ ಅರ್ಹತೆ ಬೇಕಿರಲಿಲ್ಲ. ಬೇಸ್ ಗಿಟಾರಿಗೆ ಸಿದ್ದರಾಜು. ಮಳವಳ್ಳಿಯಲ್ಲಿ ಅವನದೊಂದು ಬ್ಯಾಟರಿ ಅಂಗಡಿ ಇದೆ. ಕರೆಂಟು ಹೋದಾಗ ನಮ್ಮ ಸಂಗೀತ ಉಳಿಯುವುದು ಆ ಅಂಗಡಿಯ ದಯದಿಂದ. ತನ್ನನ್ನು ಸೇರಿಸಿಕೊಂಡದ್ದು ಸಂಗೀತಕ್ಕೋ ಬ್ಯಾಟರಿಗೋ ಎಂದು ಅವನು ಆಗಾಗ ಕೇಳುತ್ತಾನೆ, ನಾವು ಮಾತು ಮರೆಸುತ್ತೇವೆ. ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆ ಪಕ್ಕದಲ್ಲೇ ಕೊತಕೊತ ಕುದಿಯುತ್ತಿದ್ದುದರಿಂದ ಹೆಸರಿಗೆ ಹುಡುಕಾಡುವ ಕಷ್ಟವೂ ತಪ್ಪಿತು. ಮೊದಲ ರೆಕಾರ್ಡಿಂಗ್ ಅಲ್ಲೇ ಆಯಿತು, ಮೊಬೈಲನ್ನು ಒಂದು ಬೆಲ್ಲದ ಅಚ್ಚಿಗೆ ಒರಗಿಸಿ. “ಒಂದು ಗಳಿಗೆ ಗಾಣ ನಿಲ್ಸೋ” ಎಂದು ಬೇಡಿಕೊಂಡೆ. “ಕಡ್ದಿರೋ ಕಬ್ಬು ಒಣಗೋಯ್ತದೆ ಕಣ್ಲಾ. ನಿನ್ ಆಡೇನು ಒಣಗಲ್ಲ, ಬುಡು” ಎಂದ ಬೋರೇಗೌಡ. ಹೀಗೆ ಗಾಣದ ಇಂಜಿನ್ನೂ ಹಾಡಿನಲ್ಲಿ ಸೇರಿಕೊಂಡಿತು. ಸ್ಟಾಫ್ ರೂಮಿನಲ್ಲಿ ಅದನ್ನು ಕೇಳಿಸಿದಾಗ ನಮ್ಮ ಕನ್ನಡ ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿ, “ತಾಳ ಹಿಡಿದಿದ್ದಾರಲ್ಲ, ಅವರು ಯಾರೋ ಗಟ್ಟಿಗರು” ಎಂದರು. ಅವರು ಮೆಚ್ಚಿದ್ದು ಇಂಜಿನ್ನನ್ನು. ಬೋರೇಗೌಡನಿಗೆ ಮಾತ್ರ ಮೇಷ್ಟ್ರು ನಿನ್ನನ್ನು ಹೊಗಳಿದರು ಎಂದೇ ಹೇಳಿದ್ದೇನೆ. ಸ್ನೇಹ ದೊಡ್ಡದು.

ಮೊದಲ ಕಾರ್ಯಕ್ರಮ ಕೊಕ್ಕರೆ ಬೆಳ್ಳೂರಿನಲ್ಲಿ ಒಂದು ಬೀಗರ ಔತಣ. ಮದುವೆ ಮುಗಿದ ಮೇಲೆ ಬೀಗರಿಗೆ ಬಾಡೂಟ ಹಾಕದಿದ್ದರೆ ನಮ್ಮ ಕಡೆ ಮದುವೆ ಆದಂತೆಯೇ ಅಲ್ಲ. ಮದುಮಗ ನನ್ನ ಹಳೆಯ ವಿದ್ಯಾರ್ಥಿ; ಅಪ್ಪನ ಹತ್ತಿರ ಹಠ ಹಿಡಿದು ನಮ್ಮನ್ನು ಕರೆಸಿದ್ದ. ಕರೆಸುವಾಗ ಅದು ಕೊಕ್ಕರೆಗಳು ಊರಿಗೆ ಬಂದು ಮರಿ ಮಾಡುವ ಕಾಲ ಎಂಬುದನ್ನು ಮರೆತಿದ್ದ. ಮರದ ತುಂಬ ಗೂಡು, ಗೂಡಿನ ತುಂಬ ಮರಿ. ಬೋರೇಗೌಡ ಡ್ರಮ್ಮಿಗೆ ಒಂದು ಏಟು ಹಾಕಿದ್ದೇ ತಡ, ಒಬ್ಬ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. “ಏನ್ರಪ್ಪಾ, ಬಾಣಂತೀರು ಅವ್ರೆ ಅನ್ನೋ ಗ್ಯಾನ ಬ್ಯಾಡ್ವಾ ನಿಮ್ಗೆ?” ಯಾವ ಮನೆಯಲ್ಲಿ ಎಂದು ನಾನು ಸುತ್ತ ನೋಡಿದೆ. ಅಜ್ಜಿ ಮರದ ಕಡೆ ಕೈ ತೋರಿಸಿದರು. “ವರ್ಸಾವರ್ಸ ತವರ್ಗೆ ಬರೋ ಎಣ್ಮಕ್ಳು ಕಣಪ್ಪಾ ಅವು. ಮೆತ್ತಗೆ ಬಾರ್ಸದಾದ್ರೆ ಬಾರ್ಸಿ, ಇಲ್ದಿದ್ರೆ ಉಂಡ್ಕಂಡು ಓಗಿ.” ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತಂತೆ ರಾಕ್ ನುಡಿಸಿದ ಬ್ಯಾಂಡ್ ಲೋಕದಲ್ಲಿ ನಮ್ಮದೊಂದೇ ಇರಬೇಕು. ಬೋರೇಗೌಡ ಕೋಲು ಬಿಟ್ಟು ಬೆರಳಲ್ಲಿ ತಟ್ಟಿದ. ನಾನು ಗಂಟಲಲ್ಲಿ ಸಿದ್ಧವಾಗಿದ್ದ ದೊಡ್ಡದೊಂದು ಕೂಗನ್ನು ನುಂಗಿಕೊಂಡು, ತಗ್ಗಿದ ದನಿಯಲ್ಲಿ ನಿಂತಲ್ಲೇ ಒಂದು ಹಾಡು ಕಟ್ಟಿದೆ. ಅದೇ ನಮ್ಮ ‘ತವರು ಮರ’. ಹೇಳಿಕೊಳ್ಳಬಾರದು, ಮರಿಗಳು ಕೂಡ ಸದ್ದಡಗಿಸಿ ಕೇಳಿದವು. ಉಣ್ಣುತ್ತಿದ್ದವರು ತಲೆಯೆತ್ತಲಿಲ್ಲ, ಆ ಮಾತು ಬೇರೆ.

ಎರಡನೇ ಔತಣ ವೈದ್ಯನಾಥಪುರದಲ್ಲಿ. ಅಲ್ಲಿ ಮರದ ಮೇಲೆ ಬಾಣಂತಿಯರಿಲ್ಲವಾದ್ದರಿಂದ ಜೋರಿನ ಹಾಡಿನಿಂದಲೇ ಶುರು ಮಾಡಿದೆವು. ಮುದ್ದೆ ಬಡಿಸುತ್ತಿದ್ದ ಹೊತ್ತು ಅದು. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವ ಪದಾರ್ಥ. ಅದಕ್ಕೆ ಅದರದೇ ಒಂದು ನಡೆ ಇದೆ. ನಮ್ಮ ವೇಗಕ್ಕೆ ನುಂಗಹೋದ ಬೀಗರೊಬ್ಬರಿಗೆ ಬಿಕ್ಕಳಿಕೆ ಹತ್ತಿ, ಅಕ್ಕಪಕ್ಕದವರೆಲ್ಲ ಎದ್ದು ಬೆನ್ನು ತಟ್ಟಬೇಕಾಯಿತು. ಅಡುಗೆಯ ಪುಟ್ಟಸ್ವಾಮಣ್ಣ ಸೌಟು ಹಿಡಿದೇ ನಮ್ಮತ್ತ ಬಂದರು. ಬೆಳ್ಳೂರಿನಲ್ಲೂ ಅಡುಗೆ ಅವರದೇ ಆಗಿತ್ತು. “ಮೇಷ್ಟ್ರೇ, ಮುದ್ದೆ ಇಕ್ಕೋವಾಗ ಆ ಕೊಕ್ಕರೆ ಆಡು ಆಡಿ. ಈ ಬಡ್ಕೊಳೋದ್ನ ಅನ್ನಕ್ಕೆ ಮಡೀಕಳಿ” ಎಂದು ಅಪ್ಪಣೆ ಮಾಡಿದರು. ಬಿಸಿ ಸೌಟು ಹಿಡಿದವರ ಜೊತೆ ವಾದ ಬೇಡವೆಂದು ಹಾಗೇ ಮಾಡಿದೆವು. ಉಂಡವರು ಎಲೆ ಬಿಟ್ಟೇಳದೆ ಮೂಳೆ ಚೀಪುತ್ತಾ ಬದುವಿನ ಜಗಳದ ಮಾತು ತೆಗೆಯುವುದು, ಮುಂದಿನ ಪಂಕ್ತಿಯವರು ಅವರ ಕುರ್ಚಿಯ ಬೆನ್ನು ಹಿಡಿದು ಹಿಂದೆಯೇ ನಿಂತಿರುವುದು ನಮ್ಮ ಕಡೆಯ ವಾಡಿಕೆ. ಅವತ್ತು ಅನ್ನದ ಹೊತ್ತಿಗೆ ಜೋರಿನ ಹಾಡು ಹಿಡಿದೆವು ನೋಡಿ, ಹಾಡು ಮುಗಿಯುವಷ್ಟರಲ್ಲಿ ಇಡೀ ಪಂಕ್ತಿ ನಲ್ಲಿಯ ಹತ್ತಿರ ಕೈ ತೊಳೆಯುತ್ತಿತ್ತು! ಪುಟ್ಟಸ್ವಾಮಣ್ಣನ ಕಣ್ಣಲ್ಲಿ ನೀರು. ಅಂದಿನಿಂದ ಮಂಡ್ಯ, ಮದ್ದೂರು, ಮಳವಳ್ಳಿ, ಅವರ ಒಲೆ ಹತ್ತಿದ ಕಡೆಯೆಲ್ಲ ನಾವೂ ಇದ್ದೇವೆ. “ಬ್ಯಾಂಡ್ ಕರ್ಸಿ ಗೌಡ್ರೇ, ಪಂಕ್ತಿ ಬ್ಯಾಗ ಏಳ್ತದೆ” ಎಂಬುದೇ ನಮ್ಮ ಬಗ್ಗೆ ಇದುವರೆಗೆ ಬಂದಿರುವ ಏಕೈಕ ವಿಮರ್ಶೆ.

ಇಷ್ಟು ಹೆಸರು ಬಂದ ಮೇಲೆ ಆಲ್ಬಮ್ ಬೇಡವೇ? ಮಂಡ್ಯದಲ್ಲಿ ಪ್ರಕಾಶ ಎಂಬಾತನ ಸ್ಟುಡಿಯೋ ಹಿಡಿದೆವು. ಅವನು ಭಕ್ತಿಗೀತೆ ಮತ್ತು ಆಟೋ ಪ್ರಚಾರದಲ್ಲಿ ಪಳಗಿದವನು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದು ಹೊರಗಿನ ಸದ್ದು ಒಳಗೆ ಬಾರದಂತೆ ಮಾಡಿದ್ದ. “ರೆಡಿ ಸಾರ್” ಎಂದ. ಯಾರೂ ಶುರು ಮಾಡಲಿಲ್ಲ. ಬೋರೇಗೌಡ ಎತ್ತಿದ ಕೋಲನ್ನು ಹಾಗೇ ಇಳಿಸಿದ. “ಎದುರ್ಗೆ ಒಂದ್ ಎಲೆ ಇಲ್ಲ, ಉಣ್ಣೋರಿಲ್ಲ. ಯಾವಾಗ ಸುರು ಮಾಡ್ಬೇಕು, ಯಾವಾಗ ನಿಲ್ಲುಸ್ಬೇಕು ಎಂಗ್ಲಾ ತಿಳೀತದೆ?” ಎಂದ. ನಾನು ನಕ್ಕೆ. ನಕ್ಕು ಹಾಡಲು ಹೋದರೆ ನನಗೂ ದನಿ ಏಳಲೊಲ್ಲದು. ಮಧ್ಯಾಹ್ನದವರೆಗೆ ತಿಣುಕಿದ ಮೇಲೆ ಸಿದ್ದರಾಜು ಎದ್ದುಹೋಗಿ ಪಕ್ಕದ ಮೆಸ್ಸಿನಿಂದ ಮುದ್ದೆ, ನಾಟಿಕೋಳಿ ಸಾರು ತಂದ. ಪ್ರಕಾಶನ ಮುಂದೆ ಎಲೆ ಹಾಕಿ, “ನೀನ್ ಉಣ್ತಾ ಇರಪ್ಪ, ಸಾಕು” ಎಂದ. ಪ್ರಕಾಶ ಎಡಗೈಯಲ್ಲಿ ಗುಂಡಿಗಳನ್ನು ತಿರುಗಿಸುತ್ತಾ ಬಲಗೈಯಲ್ಲಿ ಮುದ್ದೆ ಮುರಿದ. ಅಷ್ಟೇ, ಎಲ್ಲ ಹಾಡೂ ಒಂದೇ ಏಟಿಗೆ ಬಂದವು. ಬೆಳ್ಳೂರಿನಲ್ಲಿ ನುಂಗಿಕೊಂಡಿದ್ದ ಆ ಕೂಗನ್ನು ‘ತವರು ಮರ’ದ ಕೊನೆಯಲ್ಲಿ ಮನದಣಿಯೆ ಕೂಗಿದೆ; ಪ್ರಕಾಶನ ತುತ್ತು ಗಾಳಿಯಲ್ಲೇ ನಿಂತಿತು. ಜೋರಿನ ಹಾಡಿನ ಕಟ್ಟಕಡೆಯಲ್ಲಿ ಅವನದೊಂದು ತೇಗು ಕೇಳುತ್ತದೆ. “ತೆಗೀಲಾ ಸಾರ್?” ಎಂದ ಸಂಕೋಚದಿಂದ. ತಾಳಕ್ಕೆ ಸರಿಯಾಗಿ ಕೂತಿತ್ತು, ಇರಲಿ ಎಂದೆ.

ಹಾಡುಗಳನ್ನು ಸುಜಾತಳ ಮೊಬೈಲಿಗೆ ನಾನೇ ಹಾಕಿಕೊಟ್ಟೆ. “ಆಮೇಲೆ ಕೇಳ್ತೀನಿ” ಎಂದಳು. ಕೇಳಿದೆಯಾ ಎಂದು ವಿಚಾರಿಸುವುದನ್ನು ನಾನೂ ಬಿಟ್ಟೆ. ಒಂದು ದಿನ ಕಾಲೇಜಿಗೆ ಅರ್ಧ ದಿನ ರಜೆ ಸಿಕ್ಕಿ ಬೇಗ ಮನೆಗೆ ಬಂದರೆ, ಅಡುಗೆಮನೆಯಿಂದ ನನ್ನದೇ ದನಿ! ‘ತವರು ಮರ’. ಚಪ್ಪಲಿ ಕೂಡ ಸದ್ದಿಲ್ಲದೆ ಬಿಟ್ಟು ಬಾಗಿಲ ಮರೆಯಲ್ಲಿ ನಿಂತೆ. ಮೊದಲ ಚರಣ ಮುಗಿಯಿತು, ಅವಳು ನಿಲ್ಲಿಸಲಿಲ್ಲ. ಎರಡನೆಯದಕ್ಕೆ ಅವಳೇ ದನಿಗೂಡಿಸಿದಳು. ಒಂದಕ್ಷರ ತಪ್ಪಿಲ್ಲ, ನಾನು ಉಸಿರು ಸಾಲದೆ ನುಂಗಿದ ಪದವನ್ನೂ ತುಂಬಿಸಿ ಹಾಡುತ್ತಿದ್ದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಕಣ್ಣು ಮಂಜಾಗಿ ಗೋಡೆ ಹಿಡಿದುಕೊಂಡೆ. ಕೊನೆಯ ಕೂಗು ಬಂತು. ಕೂಗಿನ ಜೊತೆಗೇ ಅವಳು ಮುದ್ದೆ ಕೋಲು ತೆಗೆದುಕೊಂಡು ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದಳು.

“ಕೇಳ್ತೀಯಾ ನನ್ನ ಹಾಡ?” ಎಂದು ಒಳಗೆ ನುಗ್ಗಿದೆ.

“ದಿನಾ ಕೇಳ್ತೀನಲ್ಲ” ಎಂದಳು ಮುದ್ದೆ ತಿರುವುತ್ತಲೇ. “ಎಸರಿಗೆ ಹಿಟ್ಟು ಹಾಕಿ ಇದನ್ನ ಹಚ್ಚಿಬಿಡ್ತೀನಿ. ಕೊನೇಲಿ ಅರಚ್ಕೋತೀರಲ್ಲ, ಅಷ್ಟೊತ್ಗೆ ಸರ್ಯಾಗಿ ಬೆಂದಿರ್ತದೆ. ಒಂದು ದಿನಾನೂ ಗಂಟು ಕಟ್ಟಿಲ್ಲ ನೋಡಿ.”

“ಇನ್ನೊಂದು ಸಲ ಹಾಕು, ಇಬ್ಬರೂ ಕೂತು ಕೇಳೋಣ” ಎಂದೆ.

“ಮುದ್ದೆ ಆರೋಯ್ತದೆ, ಕೈ ತೊಳ್ಕೊಂಡು ಬನ್ನಿ.”

ಕೈ ತೊಳೆದುಕೊಂಡು ಬಂದೆ. ಮುದ್ದೆ ನಿಜಕ್ಕೂ ಬೆಣ್ಣೆಯ ಹಾಗಿತ್ತು. ಈಗ ಎರಡನೇ ಆಲ್ಬಮ್ಮಿನ ತಯಾರಿ ನಡೆದಿದೆ. ಮೊನ್ನೆ ಸುಜಾತ ತಾನಾಗಿಯೇ, “ಹೊಸಾ ಹಾಡು ಎಷ್ಟುದ್ದ ಬರ್ತದೆ?” ಎಂದು ವಿಚಾರಿಸಿದಳು. ನನ್ನ ಸಂಗೀತದ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು, ರಾತ್ರಿ ನಿದ್ದೆ ಹತ್ತಲಿಲ್ಲ. ಆಲೆಮನೆಯಲ್ಲಿ ಬೋರೇಗೌಡ ಮಾತ್ರ, “ಯಾಕ್ಲಾ ನಡುವೆ ಗಿಟಾರ್ನ ಇಂಗ್ ಎಳೀತಿಯಾ? ಕೈ ಸೋತೋಯ್ತು ನಂಗೆ” ಎಂದು ಬೈಯುತ್ತಿದ್ದಾನೆ. ಕಲೆ ಅದನ್ನು ಬೇಡುತ್ತದೆ ಕಣೋ, ಎಂದಿದ್ದೇನೆ. ಒಣಗಿದ ಅವರೆಕಾಳು ಬೇಯಬೇಕಾದರೆ ಅಷ್ಟು ಹೊತ್ತು ಹಿಡಿಯುತ್ತದೆ ಎಂದು ಅವನಿಗೆ ಹೇಗೆ ಹೇಳಲಿ?